ಆಪರೇಷನ್ ಆಯ್ತು ಅಂತ ಮೂಗಿನ ಸ್ಪ್ರೇ ಬಿಡಬೇಡಿ

ಕಾಫಿ ಗಿಡ ಹೂ ಬಿಡಿಸುವ ಹೂಮಳೆ ಬಿದ್ದು ಎಂಟು-ಹತ್ತು ದಿನಕ್ಕೆ ಕೊಡಗಿನ ತೋಟವೆಲ್ಲ ಬಿಳಿಯಾಗುತ್ತದೆ. ವಿರಾಜಪೇಟೆ ಕಡೆಯ ನಮ್ಮ ಮನೆಯ ಅಂಗಳದಲ್ಲಿ ನಿಂತರೆ ಕಾಫಿ ಹೂ ಕಣ್ಣಿಗೆ ಕಾಣುತ್ತಿತ್ತು, ಪರಿಮಳ ಮಾತ್ರ ಗೊತ್ತಾಗುತ್ತಿರಲಿಲ್ಲ. ಮೂರು ವರ್ಷ ಹಾಗೇ ಕಳೆದೆ. ಮೂಗಿನೊಳಗೆ ಪಾಲಿಪ್ ಬೆಳೆದಿತ್ತು. ಜನ ಇದನ್ನು ದುರ್ಮಾಂಸ ಅಂತಾರೆ. ಹೆಸರು ಕೇಳಿ ಹೆದರಬೇಡಿ. ಎರಡೂ ಹೊಳ್ಳೆಯಲ್ಲಿ ಬೆಳೆಯುವ ಇಂಥ ಪಾಲಿಪ್ ಸಾಮಾನ್ಯವಾಗಿ ಕ್ಯಾನ್ಸರ್ ಅಲ್ಲ. ಒಳಪೊರೆ ಊದಿ ಊದಿ, ಸಿಪ್ಪೆ ತೆಗೆದ ದ್ರಾಕ್ಷಿಯ ಹಾಗೆ ಜೋತುಬಿದ್ದಿರುತ್ತದೆ, ಅಷ್ಟೆ. ಒಂದೇ ಹೊಳ್ಳೆಯಲ್ಲಿದ್ದರೆ ಮಾತ್ರ ಅದೇನೆಂದು ಸರಿಯಾಗಿ ಪರೀಕ್ಷೆ ಮಾಡಿಸಲೇಬೇಕು.

ಮೈಸೂರಿಗೆ ಹೋಗಿ ಆಪರೇಷನ್ ಮಾಡಿಸಿಕೊಂಡೆ. ಮೂಗಿನೊಳಗೆ ಸಣ್ಣ ಕ್ಯಾಮೆರಾ ಬಿಟ್ಟು ಪಾಲಿಪ್ ತೆಗೆದು, ಸೈನಸ್ ಅಂದರೆ ಮೂಗಿನ ಸುತ್ತಲ ಮೂಳೆಯೊಳಗಿನ ಗಾಳಿಗೂಡುಗಳ ಬಾಯಿಗಳನ್ನು ಅಗಲ ಮಾಡುತ್ತಾರೆ. ವಾಸನೆ ವಾಪಸ್ ಬಂತು. ಸಾರಿಗೆ ಒಗ್ಗರಣೆ ಹಾಕಿದ್ದು ಹೊರಗಿನ ಕೋಣೆಯಲ್ಲೇ ಗೊತ್ತಾಯಿತು. ಆ ಖುಷಿಯಲ್ಲಿ, ದಿನಾ ಮೂಗಿಗೆ ಹಾಕಬೇಕಿದ್ದ ಸ್ಪ್ರೇಯನ್ನು ಮೇ ತಿಂಗಳಲ್ಲಿ ನಿಲ್ಲಿಸಿಬಿಟ್ಟೆ. ಜುಲೈಯಲ್ಲಿ ಗೋಡೆಗೆ ಬೂಷ್ಟು ಬಂತು, ಕಂಬಳಿ ಒಣಗಲೇ ಇಲ್ಲ. ಆಗಸ್ಟ್‌ನಲ್ಲಿ ಮೂಗು ಮತ್ತೆ ಕಟ್ಟಿತು. ಕ್ಯಾಮೆರಾದಲ್ಲಿ ನೋಡಿದರೆ ಸಣ್ಣ ಪಾಲಿಪ್ ಆಗಲೇ ತಲೆ ಎತ್ತಿತ್ತು.

ಪಾಲಿಪ್ ತೆಗೆಯಬಹುದು, ಒಳಪೊರೆ ಊದಿಕೊಳ್ಳುವ ಗುಣವನ್ನು ತೆಗೆಯಲಾಗುವುದಿಲ್ಲ. ಅದನ್ನು ಹಿಡಿತದಲ್ಲಿಡುವುದು ದಿನಾ ಹಾಕುವ ಸ್ಟಿರಾಯ್ಡ್ ಸ್ಪ್ರೇ. ಮೊಮೆಟಾಸೋನ್, ಫ್ಲುಟಿಕಾಸೋನ್, ಬುಡೆಸೊನೈಡ್ ಇದೇ ಜಾತಿಯವು. ಆಪರೇಷನ್‌ಗೆ ಮೊದಲು ಪಾಲಿಪ್ ಅಡ್ಡ ಇದ್ದು ಔಷಧಿ ಒಳಗೆ ಹೋಗುತ್ತಲೇ ಇರಲಿಲ್ಲ. ಈಗ ದಾರಿ ತೆರೆದಿದೆ. ಸ್ಪ್ರೇ ನಿಜವಾಗಿ ಕೆಲಸ ಮಾಡುವುದೇ ಈಗ.

ಮೊದಲ ಎರಡು ವಾರ

ಸ್ಪ್ರೇ ಯಾವತ್ತು ಶುರು ಮಾಡಬೇಕೆಂದು ಆಪರೇಷನ್ ಮಾಡಿದ ಡಾಕ್ಟರೇ ಹೇಳಬೇಕು. ಉಪ್ಪುನೀರಿನ ತೊಳೆತ ಸಾಮಾನ್ಯವಾಗಿ ಒಂದೆರಡು ದಿನದಲ್ಲೇ ಶುರುವಾಗುತ್ತದೆ. ಈ ಎರಡು ವಾರ ಜೋರಾಗಿ ಸಿಂಬಳ ತೆಗೆಯಬೇಡಿ. ಸೀನು ಬಂದರೆ ಬಾಯಿ ತೆರೆದು ಸೀನಿ. ಭಾರ ಎತ್ತಬೇಡಿ, 50 ಕೆ.ಜಿ. ಕಾಫಿ ಮೂಟೆಯ ಹತ್ತಿರವೂ ಹೋಗಬೇಡಿ.

ಮೊದಲು ತೊಳೆಯಿರಿ

ಸಿಂಬಳ, ಹಕ್ಕಳೆ ಇರುವ ಮೂಗಿಗೆ ಸ್ಪ್ರೇ ಹೊಡೆದರೆ ಔಷಧಿ ಅದರ ಮೇಲೇ ಕೂರುತ್ತದೆ. ಹಾಗಾಗಿ ತೊಳೆದೇ ಹಾಕಬೇಕು. ನಮ್ಮಲ್ಲಿ ಬಾವಿ ನೀರು, ಝರಿ ನೀರು ಕನ್ನಡಿ ಹಾಗಿರುತ್ತದೆ, ಕುಡಿದು ಬೆಳೆದವರು ನಾವು. ಆದರೆ ಮೂಗಿಗೆ ಹಸಿ ನೀರು ಬೇಡವೇ ಬೇಡ. ಕುಡಿದರೆ ಏನೂ ಮಾಡದ ಒಂದು ಅಮೀಬಾ ಮೂಗಿನಿಂದ ಮಿದುಳಿಗೆ ಹೋದರೆ ಜೀವ ತೆಗೆಯುತ್ತದೆ. ತೀರಾ ಅಪರೂಪ, ನಿಜ. ಆದರೂ ಪಕ್ಕದ ಕೇರಳದಲ್ಲಿ 2024ರಲ್ಲಿ ಮಕ್ಕಳು ಇದರಿಂದ ಸತ್ತಿದ್ದಾರೆ. ನೀರು ಕೊತಕೊತ ಕುದಿಯಲು ಶುರುವಾದ ಮೇಲೆ ಕನಿಷ್ಠ ಒಂದು ನಿಮಿಷ ಕುದಿಸಿ, ಮುಚ್ಚಿಟ್ಟು, ಉಗುರುಬೆಚ್ಚಗಾದ ಮೇಲೆ ಬಳಸಿ.

ಮೆಡಿಕಲ್ ಶಾಪಿನಲ್ಲಿ ಅಳತೆ ಮಾಡಿದ ಉಪ್ಪಿನ ಪ್ಯಾಕೆಟ್, ಒತ್ತುವ ಬಾಟಲಿ ಸಿಗುತ್ತವೆ. ಪ್ಯಾಕೆಟ್ ಮೇಲೆ ಬರೆದಷ್ಟೇ ನೀರು ಹಾಕಿ. ಸಿಂಕ್ ಮೇಲೆ ಬಗ್ಗಿ, ಬಾಯಿ ತೆರೆದು, ಮೆಲ್ಲಗೆ ಒತ್ತಿ. ಒಂದು ಹೊಳ್ಳೆಯಿಂದ ಹೋಗಿ ಇನ್ನೊಂದರಿಂದ ಬರುತ್ತದೆ. ಉರಿದರೆ ಉಪ್ಪಿನ ಅಳತೆ ತಪ್ಪಿದೆ ಅಂತ. ಬಾಟಲಿ ತೊಳೆದು ಒಣಗಿಸಿಡಿ. ಮಳೆಗಾಲದಲ್ಲಿ ಅದಕ್ಕೂ ಬೂಷ್ಟು ಬರುತ್ತದೆ.

ಆಮೇಲೆ ಸ್ಪ್ರೇ

ಹತ್ತು-ಹದಿನೈದು ನಿಮಿಷ ಬಿಡಿ, ಒಳಗಿನ ನೀರು ಇಳಿಯಲಿ. ಬಾಟಲಿ ಅಲ್ಲಾಡಿಸಿ. ಹೊಸದಾದರೆ ಮಂಜಿನ ಹಾಗೆ ಬರುವ ತನಕ ಗಾಳಿಗೆ ಹೊಡೆಯಿರಿ.

ಹೆಚ್ಚಿನವರು ತಪ್ಪುವುದು ಇಲ್ಲಿ. ತಲೆ ಹಿಂದಕ್ಕೆ ಬಾಗಿಸಬೇಡಿ, ಕಾಲಬೆರಳು ನೋಡುವ ಹಾಗೆ ಸ್ವಲ್ಪ ಮುಂದಕ್ಕೆ ಬಗ್ಗಿಸಿ. ಎಡ ಹೊಳ್ಳೆಗೆ ಬಲಗೈ, ಬಲ ಹೊಳ್ಳೆಗೆ ಎಡಗೈ. ಕೈ ಬದಲಾಯಿಸಿದರೆ ತುದಿ ತಾನಾಗೇ ಹೊರಗಡೆಗೆ, ಅದೇ ಕಡೆಯ ಕಿವಿಯತ್ತ ತಿರುಗುತ್ತದೆ. ಬೇಕಾದ್ದು ಅದೇ. ಮೂಗಿನ ನಡುಗೋಡೆಗೆ ದಿನಾ ಹೊಡೆದರೆ ಅದು ಒಣಗಿ ರಕ್ತ ಬರುತ್ತದೆ.

ಒತ್ತುವಾಗ ಕಾಫಿ ಹೂ ಮೂಸುವಷ್ಟು ಮೆಲ್ಲಗೆ ಉಸಿರೆಳೆಯಿರಿ. ಗಂಟಲಿಗೆ ಕಹಿ ಬಂದರೆ ಜೋರಾಗಿ ಎಳೆದಿದ್ದೀರಿ, ಔಷಧಿ ಹೊಟ್ಟೆಗೆ ಹೋಯಿತು. ತುದಿ ಒರೆಸಿ, ಮುಚ್ಚಳ ಹಾಕಿ. ಕಾಲು ಗಂಟೆ ಸಿಂಬಳ ತೆಗೆಯಬೇಡಿ.

ಕೇಳಿ ಕೇಳಿ ಬರುವ ಭಯ

‘ಸ್ಟಿರಾಯ್ಡ್ ಅಲ್ವಾ, ದಿನಾ ಹಾಕಬಹುದಾ?’ ನಮ್ಮ ಅತ್ತೆಯೂ ಕೇಳಿದ್ದರು. ಮೊಮೆಟಾಸೋನ್, ಫ್ಲುಟಿಕಾಸೋನ್ ರಕ್ತಕ್ಕೆ ಸೇರುವುದು ತೀರಾ ಕಡಿಮೆ. ವರ್ಷಗಟ್ಟಲೆ ಬಳಸುವವರಿದ್ದಾರೆ. ಕಣ್ಣಿನ ಪೊರೆ, ಗ್ಲುಕೋಮಾ (ಕಣ್ಣಿನೊಳಗೆ ಒತ್ತಡ ಏರುವ ಕಾಯಿಲೆ) ಇದ್ದವರು ಮಾತ್ರ ಡಾಕ್ಟರಿಗೆ ಮೊದಲೇ ಹೇಳಿ. ನನಗೆ ನಿಜವಾದ ಭಯ ಇರುವುದು ಇನ್ನೊಂದು ಡ್ರಾಪ್ಸ್ ಬಗ್ಗೆ. ಆಕ್ಸಿಮೆಟಜೋಲಿನ್, ಜೈಲೊಮೆಟಜೋಲಿನ್ ಹಾಕಿದರೆ ಐದು ನಿಮಿಷಕ್ಕೆ ಮೂಗು ಬಿಡುತ್ತದೆ. ಅದಕ್ಕೇ ಜನ ಅದನ್ನೇ ನೆಚ್ಚುತ್ತಾರೆ. ಕೆಲವು ದಿನ ದಾಟಿದರೆ ಆ ಡ್ರಾಪ್ಸ್‌ನಿಂದಲೇ ಮೂಗು ಕಟ್ಟಲು ಶುರುವಾಗುತ್ತದೆ. ಸ್ಟಿರಾಯ್ಡ್ ಸ್ಪ್ರೇಗೆ ವಾರ, ಎರಡು ವಾರ ಬೇಕು. ಇವತ್ತು ಹಾಕಿ ಇವತ್ತೇ ಮೂಗು ಬಿಡಲಿಲ್ಲ ಅಂತ ಮೂಲೆಗೆ ಎಸೆಯಬೇಡಿ.

ಪಾಲಿಪ್ ಜೊತೆ ಆಸ್ತಮಾ ಇದ್ದವರಲ್ಲಿ ಕೆಲವರಿಗೆ ಆಸ್ಪಿರಿನ್, ಐಬುಪ್ರೊಫೇನ್ ಥರದ ನೋವಿನ ಮಾತ್ರೆ ಉಸಿರೇ ಕಟ್ಟಿಸುತ್ತದೆ. ಸುಮ್ನೆ ಅಂಗಡಿಯಿಂದ ತಂದು ನುಂಗಬೇಡಿ.

ಬಾಟಲಿಯ ಲೆಕ್ಕವನ್ನೂ ಇಡಿ. ದಿನಕ್ಕೆ ಎರಡು ಹೊತ್ತು, ಹೊಳ್ಳೆಗೆ ಎರಡೆರಡು ಅಂದರೆ ಎಂಟು ಸಲ. 120 ಸಲ ಬರುವ ಬಾಟಲಿ 15 ದಿನಕ್ಕೆ ಮುಗಿಯುತ್ತದೆ. ತಳದಲ್ಲಿ ಇನ್ನೂ ದ್ರವ ಅಲ್ಲಾಡುತ್ತಿದ್ದರೂ ಆಮೇಲೆ ಬರುವ ಔಷಧಿ ಅಳತೆಯದ್ದಲ್ಲ. ತೆರೆದ ತಾರೀಕನ್ನು ನಾನು ಬಾಟಲಿಯ ಮೇಲೇ ಬರೆದಿಡುತ್ತೇನೆ. ಮಳೆ ಜೋರಾಗುವ ಮೊದಲೇ ಒಂದೆರಡು ಬಾಟಲಿ ಜಾಸ್ತಿ ತಂದಿಡುತ್ತೇನೆ.

ಇನ್ನು ತಡಮಾಡಬಾರದ ವಿಷಯ. ರಕ್ತ ನಿಲ್ಲದಿದ್ದರೆ, ಕಣ್ಣು ಊದಿದರೆ, ದೃಷ್ಟಿ ಮಂಜಾದರೆ, ಒಂದೊಂದು ಎರಡೆರಡಾಗಿ ಕಂಡರೆ, ಜ್ವರದ ಜೊತೆ ಕತ್ತು ಬಿಗಿದು ವಿಪರೀತ ತಲೆನೋವು ಬಂದರೆ, ಬಗ್ಗಿದಾಗ ಒಂದೇ ಹೊಳ್ಳೆಯಿಂದ ತಿಳಿನೀರು ತೊಟ್ಟಿಕ್ಕಿದರೆ ಆ ಕೂಡಲೇ ಆಸ್ಪತ್ರೆಗೆ ಹೊರಡಿ. ಜುಲೈ-ಆಗಸ್ಟ್‌ನ ಆಟಿ ಮಳೆಯಲ್ಲಿ ಕರೆಂಟ್ ಹೋಗಿ ಮೊಬೈಲ್ ಸತ್ತಿರುತ್ತದೆ, ರಸ್ತೆಗೆ ಮರ ಬಿದ್ದಿರುತ್ತದೆ. ಡಾಕ್ಟರ ನಂಬರ್, ಜೀಪ್ ಇರುವ ನೆರೆಮನೆಯವರ ನಂಬರ್ ಎರಡನ್ನೂ ಕಾಗದದಲ್ಲಿ ಬರೆದು ಅಡುಗೆಮನೆ ಗೋಡೆಗೆ ಅಂಟಿಸಿಡಿ.