ಪ್ಯಾಕೆಟ್ ಎಲ್ಲಿ ಬಿತ್ತು? ಲಿನಕ್ಸ್ ಕರ್ನಲ್ ಒಳಗಿನ ಈಥರ್ನೆಟ್ ದಾರಿಯಲ್ಲಿ ಹುಡುಕುವುದು ಹೇಗೆ

ಪಿಂಗ್‌ಗೆ ಉತ್ತರವೇ ಇಲ್ಲ. ಅಥವಾ ಉತ್ತರ ಬರುತ್ತಿದೆ, ಆದರೆ ನೂರಕ್ಕೆ ಎರಡೋ ಮೂರೋ ಪ್ಯಾಕೆಟ್ ಕಾಣೆ. ಇಂಥ ಹೊತ್ತಿನಲ್ಲಿ ಕೈ ತಾನಾಗಿ ಹೋಗುವುದು ರೀಸ್ಟಾರ್ಟ್ ಕಡೆಗೆ. ಅದನ್ನು ಮಾಡಬೇಡಿ. ರೀಸ್ಟಾರ್ಟ್ ಮಾಡಿದರೆ ಕರ್ನಲ್ (ಯಂತ್ರಾಂಶವನ್ನು ನಡೆಸುವ ಲಿನಕ್ಸ್‌ನ ತಿರುಳು) ಬರೆದಿಟ್ಟ ಲೆಕ್ಕವೆಲ್ಲ ಸೊನ್ನೆಗೆ ಮರಳುತ್ತದೆ, ತೊಂದರೆಯ ಸುಳಿವೂ ಅದರ ಜೊತೆ ಹೋಗುತ್ತದೆ. ಈಥರ್ನೆಟ್ ಕಾರ್ಡಿನಿಂದ ಪ್ರೋಗ್ರಾಂವರೆಗೆ ಫ್ರೇಮ್ (ಈಥರ್ನೆಟ್ ಹೊದಿಕೆ ತೊಟ್ಟ ಪ್ಯಾಕೆಟ್) ಹಲವು ಕೈ ದಾಟಿ ಬರುತ್ತದೆ. ಯಾವ ಕೈಯಲ್ಲಿ ಬಿದ್ದರೂ ಸಾಮಾನ್ಯವಾಗಿ ಅಲ್ಲೊಂದು ಕೌಂಟರ್ ಒಂದು ಅಂಕೆ ಏರಿರುತ್ತದೆ.

ಹಾಗಾಗಿ ಮೊದಲು ‘ಐಪಿ -ಎಸ್ -ಎಸ್ ಲಿಂಕ್’ ಓಡಿಸಿ, ಬಂದದ್ದನ್ನು ಒಂದು ಫೈಲಿಗೆ ಉಳಿಸಿ. ಹತ್ತು ಸೆಕೆಂಡ್ ಬಿಟ್ಟು ಇನ್ನೊಮ್ಮೆ ಓಡಿಸಿ. ಕೌಂಟರ್‌ಗಳು ಬೂಟ್ ಆದಾಗಿನಿಂದ ಕೂಡುತ್ತ ಬಂದವು. ಹಳೆಯ ದೊಡ್ಡ ಸಂಖ್ಯೆ ಕಂಡು ಗಾಬರಿಯಾಗುವುದರಲ್ಲಿ ಅರ್ಥವಿಲ್ಲ. ನೋಡಬೇಕಾದದ್ದು ಎರಡರ ನಡುವಿನ ವ್ಯತ್ಯಾಸ.

ಹಂತ 1: ಕಾರ್ಡ್ ಕರ್ನಲ್‌ನ ಕಣ್ಣಿಗೆ ಬಿದ್ದಿದೆಯೇ?

ಪ್ರತಿ ಪಿಸಿಐ ಕಾರ್ಡ್ ಎರಡು ಗುರುತಿನ ಸಂಖ್ಯೆ ಹೊತ್ತಿರುತ್ತದೆ: ತಯಾರಕರದ್ದೊಂದು, ಮಾದರಿಯದ್ದೊಂದು. ಇಂಟೆಲ್‌ನದು 8086 (ತಮ್ಮ ಹಳೆಯ ಚಿಪ್‌ನ ಹೆಸರನ್ನೇ ಇಟ್ಟುಕೊಂಡಿದ್ದಾರೆ), ರಿಯಲ್‌ಟೆಕ್‌ನದು 10ಇಸಿ. ತಾನು ನಡೆಸಬಲ್ಲ ಕಾರ್ಡ್‌ಗಳ ಪಟ್ಟಿ ಪ್ರತಿ ಡ್ರೈವರ್‌ನಲ್ಲೂ ಇರುತ್ತದೆ. ಸಂಖ್ಯೆ ಹೊಂದಿದರೆ ಕರ್ನಲ್ ಆ ಡ್ರೈವರ್‌ನ ‘ಪ್ರೋಬ್’ ಫಂಕ್ಷನ್ ಕರೆಯುತ್ತದೆ. ಅದು ಕಾರ್ಡನ್ನು ಎಬ್ಬಿಸಿ, ಅದರ ರಿಜಿಸ್ಟರ್‌ಗಳನ್ನು ಮೆಮೊರಿ ವಿಳಾಸಗಳಿಗೆ ಜೋಡಿಸಿ, 6 ಬೈಟ್‌ನ ಮ್ಯಾಕ್ ವಿಳಾಸ ಓದಿಕೊಂಡು, ‘ನೆಟ್ ಡಿವೈಸ್’ ಎಂಬ ರಚನೆ ತುಂಬಿ ನೋಂದಾಯಿಸುತ್ತದೆ. ‘ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ’ ಕೊಟ್ಟಾಗ ಕಾರ್ಡಿನ ಕೆಳಗೆ ಡ್ರೈವರ್ ಹೆಸರಿನ ಸಾಲೇ ಇಲ್ಲದಿದ್ದರೆ, ಕೆಲಸ ಈ ಹಂತದಲ್ಲೇ ನಿಂತಿದೆ ಎಂದರ್ಥ.

ಡಿಸ್ಕ್‌ಗೆ ಇರುವಂತೆ ನೆಟ್‌ವರ್ಕ್ ಕಾರ್ಡಿಗೆ ‘/ಡೆವ್’ ಅಡಿ ಫೈಲ್ ಇರುವುದಿಲ್ಲ; ಅಲ್ಲಿ ಹುಡುಕಿ ಸಮಯ ಕಳೆಯಬೇಡಿ. ‘/ಸಿಸ್/ಕ್ಲಾಸ್/ನೆಟ್’ ಒಳಗೆ ನೋಡಿ.

ಇಲ್ಲಿ ಎಡವುವುದು ಹೆಚ್ಚಾಗಿ ಎರಡು ಕಡೆ. ಕೆಲವು ಕಾರ್ಡ್‌ಗಳಿಗೆ, ಮುಖ್ಯವಾಗಿ ರಿಯಲ್‌ಟೆಕ್‌ನ ಹಲವು ಮಾದರಿಗಳಿಗೆ, ಪ್ರತ್ಯೇಕ ಫರ್ಮ್‌ವೇರ್ ಫೈಲ್ ಬೇಕು. ಅದು ಸಿಗದಿದ್ದರೆ ‘ಡಿಮೆಸ್ಗ್’ (ಕರ್ನಲ್‌ನ ಸಂದೇಶಗಳನ್ನು ತೋರಿಸುವ ಆಜ್ಞೆ) ಹೇಳುತ್ತದೆ. ಇನ್ನೊಂದು, ಹೆಸರು. 2013ರಿಂದ ಸಿಸ್ಟಮ್‌ಡಿ ಹಳೆಯ ‘ಈಥ್0’ ಬದಲು ಕಾರ್ಡ್ ಕೂತ ಜಾಗವನ್ನೇ ಹೆಸರಾಗಿಸುತ್ತದೆ. ‘ಇಎನ್‌ಪಿ3ಎಸ್0’ ಎಂದರೆ 3ನೇ ಪಿಸಿಐ ಬಸ್, 0ನೇ ಸ್ಲಾಟ್. ಯಂತ್ರಕ್ಕೆ ಹೊಸದೊಂದು ಗ್ರಾಫಿಕ್ಸ್ ಕಾರ್ಡ್ ಚುಚ್ಚಿದರೆ ಬಸ್ ಸಂಖ್ಯೆ ಸರಿದು ಅದೇ ಕಾರ್ಡ್ ‘ಇಎನ್‌ಪಿ4ಎಸ್0’ ಆಗಬಹುದು. ಸೆಟ್ಟಿಂಗ್ಸ್ ಫೈಲಿನಲ್ಲಿ ಹಳೆಯ ಹೆಸರೇ ಇರುತ್ತದೆ, ಐಪಿ ವಿಳಾಸ ಬರುವುದಿಲ್ಲ, ಬೈಗುಳ ಮಾತ್ರ ಕೇಬಲ್‌ಗೆ.

ಹಂತ 2: ‘ಅಪ್’ ಅಂದರೆ ಯಾವ ಅಪ್?

ಇಂಟರ್‌ಫೇಸ್ ‘ಅಪ್’ ಮಾಡಿದಾಗ ಡ್ರೈವರ್ ಬಫರ್‌ಗಳನ್ನು ಪಡೆದುಕೊಳ್ಳುತ್ತದೆ, ಇಂಟರಪ್ಟ್‌ಗೆ (ಕಾರ್ಡ್ ಪ್ರೊಸೆಸರನ್ನು ಕರೆಯುವ ಸಂಕೇತಕ್ಕೆ) ಹೆಸರು ಬರೆಸುತ್ತದೆ, ಕಾರ್ಡನ್ನು ಓಡಿಸುತ್ತದೆ. ತಂತಿಯ ಆಚೆ ಯಾರಾದರೂ ಇದ್ದಾರೆಯೇ ಎಂಬುದು ಬೇರೆಯೇ ಪ್ರಶ್ನೆ. ಅದನ್ನು ತೀರ್ಮಾನಿಸುವುದು ಕಾರ್ಡಿನ ‘ಫೈ’ ಚಿಪ್; ಅದು ಎದುರು ತುದಿಯೊಡನೆ ವೇಗ ಮತ್ತು ಡ್ಯುಪ್ಲೆಕ್ಸ್ (ಕಳಿಸುವುದು, ಪಡೆಯುವುದು ಒಟ್ಟಿಗೇ ಆದರೆ ಫುಲ್, ಸರದಿಯಲ್ಲಾದರೆ ಹಾಫ್) ಮಾತಾಡಿ ಮುಗಿಸಿದ ಮೇಲೆ ಡ್ರೈವರ್ ‘ಕ್ಯಾರಿಯರ್ ಬಂತು’ ಎಂದು ಕರ್ನಲ್‌ಗೆ ತಿಳಿಸುತ್ತದೆ. ಅಲ್ಲಿಯವರೆಗೆ ‘ನೋ-ಕ್ಯಾರಿಯರ್’ ಎಂದೇ ಕಾಣುತ್ತದೆ. ಗಿಗಾಬಿಟ್ ಲಿಂಕ್‌ಗೆ ಈ ಮಾತುಕತೆ ಒಂದೆರಡು ಸೆಕೆಂಡ್ ಹಿಡಿಯುವುದು ಸಹಜ.

‘ಇಥ್‌ಟೂಲ್’ ಮುಂದೆ ಇಂಟರ್‌ಫೇಸ್ ಹೆಸರು ಕೊಟ್ಟು ವೇಗ ನೋಡಿ. ಎರಡೂ ಕಡೆ ಗಿಗಾಬಿಟ್ ಪೋರ್ಟ್ ಇದ್ದು 100 ಎಂದು ತೋರಿಸಿದರೆ ಮೊದಲ ಅನುಮಾನ ಕೇಬಲ್ ಮೇಲೆ. ಗಿಗಾಬಿಟ್‌ಗೆ ನಾಲ್ಕೂ ಜೋಡಿ ತಂತಿ ಬೇಕು, 100 ಮೆಗಾಬಿಟ್‌ಗೆ ಎರಡು ಸಾಕು. ಒಂದು ಜೋಡಿ ತುಂಡಾಗಿದ್ದರೆ ಹಲವು ಫೈ ಚಿಪ್‌ಗಳು ತಾವಾಗಿಯೇ ಕೆಳಗಿನ ವೇಗಕ್ಕೆ ಇಳಿಯುತ್ತವೆ; ಇಳಿಯಲು ಬಾರದವು ಲಿಂಕನ್ನೇ ಕೊಡುವುದಿಲ್ಲ.

ಒಂದು ತುದಿಯಲ್ಲಿ ಕೈಯಾರೆ ‘100, ಫುಲ್’ ಎಂದು ಬಿಗಿದು, ಇನ್ನೊಂದನ್ನು ‘ಆಟೊ’ ಬಿಡುವುದು ಹಳೆಯ ರೋಗ. ಆಟೊ ತುದಿಗೆ ಎದುರಿನ ವೇಗ ತಿಳಿಯುತ್ತದೆ, ಡ್ಯುಪ್ಲೆಕ್ಸ್ ತಿಳಿಯುವುದಿಲ್ಲ. ನಿಯಮದಂತೆ ಹಾಫ್ ಎಂದು ಹಿಡಿಯುತ್ತದೆ. ಪಿಂಗ್ ಚೆನ್ನಾಗಿಯೇ ಹೋಗುತ್ತದೆ, ದೊಡ್ಡ ಫೈಲ್ ಕಳಿಸಿದಾಗ ತೆವಳುತ್ತದೆ. ಹಾಫ್ ತುದಿಯಲ್ಲಿ ‘ಲೇಟ್ ಕೊಲಿಷನ್’ (ತಡವಾದ ಡಿಕ್ಕಿ), ಫುಲ್ ತುದಿಯಲ್ಲಿ ಸಿಆರ್‌ಸಿ ದೋಷ (ಕೆಟ್ಟು ಬಂದ ಫ್ರೇಮ್‌ಗಳ ಲೆಕ್ಕ) ಏರುತ್ತವೆ. ಎರಡನ್ನೂ ಆಟೊಗೆ ಬಿಡುವುದೇ ಮದ್ದು.

ಹಂತ 3: ಫ್ರೇಮ್ ಒಳಬರುವಾಗ

ಹೆಚ್ಚಿನ ನಷ್ಟ ಆಗುವುದು ಇಲ್ಲಿ, ಆದ್ದರಿಂದ ನಿಧಾನವಾಗಿ ನೋಡೋಣ.

ಡ್ರೈವರ್ ಮೊದಲೇ ಒಂದಷ್ಟು ಖಾಲಿ ಬಫರ್ ತೆಗೆದಿಟ್ಟು, ಅವುಗಳ ವಿಳಾಸಗಳನ್ನು ‘ರಿಂಗ್’ ಎಂಬ ವೃತ್ತಾಕಾರದ ಪಟ್ಟಿಯಲ್ಲಿ ಬರೆದಿರುತ್ತದೆ. ಫ್ರೇಮ್ ಬಂದಾಗ ಕಾರ್ಡ್ ಪ್ರೊಸೆಸರನ್ನು ಕೇಳದೆ, ಡಿಎಂಎ ಮೂಲಕ ನೇರವಾಗಿ ಮುಂದಿನ ಖಾಲಿ ಬಫರ್‌ಗೆ ಸುರಿಯುತ್ತದೆ. ಆಮೇಲೆ ಇಂಟರಪ್ಟ್ ಕೊಡುತ್ತದೆ. ಖಾಲಿ ಬಫರ್ ಇಲ್ಲದಿದ್ದರೆ, ಕಾರ್ಡಿನೊಳಗಿನ ಪುಟ್ಟ ಮೆಮೊರಿ ತುಂಬಿದೊಡನೆ ಫ್ರೇಮ್ ನೆಲಕ್ಕೆ. ಆಗ ಏರುವುದು ‘ಮಿಸ್ಡ್’ ಕೌಂಟರ್; ಡ್ರೈವರ್‌ಗೆ ತಕ್ಕಂತೆ ‘ನೋ ಬಫರ್’, ‘ಫಿಫೊ’ ಎಂಬ ಹೆಸರೂ ಇರಬಹುದು. ‘ಇಥ್‌ಟೂಲ್ -ಎಸ್’ ಕೊಟ್ಟರೆ ಕಾರ್ಡಿನ ಪೂರ್ತಿ ಪಟ್ಟಿ ಸಿಗುತ್ತದೆ, ಇಲ್ಲಿ ಎಸ್ ದೊಡ್ಡಕ್ಷರದಲ್ಲಿರಬೇಕು.

ರಿಂಗ್ ಎಷ್ಟು ಬೇಗ ತುಂಬುತ್ತದೆ? ಅತಿ ಚಿಕ್ಕ ಫ್ರೇಮ್ 64 ಬೈಟ್. ಅದರ ಮುಂದಿನ 8 ಬೈಟ್ ಪೀಠಿಕೆ, ಹಿಂದಿನ 12 ಬೈಟ್ ಅಂತರ ಸೇರಿ ತಂತಿಯ ಮೇಲೆ 84 ಬೈಟ್ ಜಾಗ. ಗಿಗಾಬಿಟ್ ವೇಗದಲ್ಲಿ ಇಂಥವು ಸೆಕೆಂಡಿಗೆ ಸುಮಾರು 14.88 ಲಕ್ಷ ಬರಬಹುದು. 256 ಬಫರ್‌ಗಳ ರಿಂಗ್ 172 ಮೈಕ್ರೊಸೆಕೆಂಡಿನಲ್ಲಿ ಭರ್ತಿ. 1518 ಬೈಟ್‌ನ ದೊಡ್ಡ ಫ್ರೇಮ್‌ಗಳಾದರೆ 3 ಮಿಲಿಸೆಕೆಂಡಿನಷ್ಟು ಸಮಯ ಸಿಗುತ್ತದೆ. ಫೈಲ್ ಸರ್ವರ್ ಆರಾಮಾಗಿರುವ ಯಂತ್ರದಲ್ಲೇ ಚಿಕ್ಕ ಪ್ಯಾಕೆಟ್‌ಗಳನ್ನೇ ನೋಡುವ ಡಿಎನ್ಎಸ್ ಸರ್ವರ್ ಒದ್ದಾಡಬಹುದಾದದ್ದು ಇದೇ ಕಾರಣಕ್ಕೆ.

ಪ್ರತಿ ಫ್ರೇಮ್‌ಗೂ ಒಂದು ಇಂಟರಪ್ಟ್ ಆದರೆ ಪ್ರೊಸೆಸರ್ ಬಾಗಿಲು ತೆಗೆಯುವುದರಲ್ಲೇ ಮುಳುಗಿ ಒಳಗಿನ ಕೆಲಸ ನಿಲ್ಲುತ್ತದೆ. 2003ರಲ್ಲಿ ಬಂದ 2.6 ಕರ್ನಲ್ ಹೊತ್ತಿಗೆ ‘ನ್ಯಾಪಿ’ ಇದಕ್ಕೆ ಪರಿಹಾರವಾಗಿ ನೆಲೆಗೊಂಡಿತ್ತು. ಮೊದಲ ಇಂಟರಪ್ಟ್ ಬಂದೊಡನೆ ಡ್ರೈವರ್ ಮುಂದಿನವನ್ನು ಮುಚ್ಚಿ, ‘ಪೋಲ್ ಮಾಡಿ’ ಎಂದು ಚೀಟಿ ಬರೆದಿಟ್ಟು ಹೊರಡುತ್ತದೆ. ಬಳಿಕ ಸಾಫ್ಟ್‌ಐಆರ್‌ಕ್ಯೂ (ಇಂಟರಪ್ಟ್ ಮುಂದೂಡಿದ ಕೆಲಸ ಮುಗಿಸುವ ಕರ್ನಲ್ ಭಾಗ) ಬಂದು ಒಂದು ಸಲಕ್ಕೆ 64ರವರೆಗೆ ಫ್ರೇಮ್ ಎತ್ತಿಕೊಳ್ಳುತ್ತದೆ. 64ಕ್ಕಿಂತ ಕಡಿಮೆ ಸಿಕ್ಕಿತೆಂದರೆ ರಿಂಗ್ ಬರಿದಾಗಿದೆ. ಇಂಟರಪ್ಟ್ ಮತ್ತೆ ತೆರೆಯುತ್ತದೆ. ಎಲ್ಲ ಕಾರ್ಡ್‌ಗಳದ್ದೂ ಸೇರಿ ಒಂದು ಸುತ್ತಿಗೆ 300 ಫ್ರೇಮ್‌ಗಳ ಬಜೆಟ್, ಜೊತೆಗೆ ಸಮಯದ ಮಿತಿ. ಅದು ಮುಗಿದೂ ಕೆಲಸ ಉಳಿದರೆ ಸರದಿ ಬಿಟ್ಟುಕೊಡಬೇಕು.

ಹೀಗೆ ಬಿಟ್ಟುಕೊಟ್ಟ ಲೆಕ್ಕ ‘/ಪ್ರಾಕ್/ನೆಟ್/ಸಾಫ್ಟ್‌ನೆಟ್_ಸ್ಟಾಟ್’ನಲ್ಲಿದೆ. ಪ್ರತಿ ಕೋರ್‌ಗೆ ಒಂದು ಸಾಲು, ಸಂಖ್ಯೆಗಳು ಹದಿನಾರರ ಪದ್ಧತಿಯಲ್ಲಿ. ಮೊದಲ ಕಾಲಂ ಮುಗಿಸಿದ ಪ್ಯಾಕೆಟ್, ಎರಡನೆಯದು ಬೀಳಿಸಿದ್ದು, ಮೂರನೆಯದು ಬಜೆಟ್ ಸಾಲದೆ ನಿಂತ ಸಲ. ಮೂರನೆಯದು ಒಂದೇ ಸಮ ಏರುತ್ತಿದ್ದರೆ ‘ನೆಟ್‌ಡೆವ್_ಬಜೆಟ್’ ಅನ್ನು 600ಕ್ಕೆ ಏರಿಸಿ ನೋಡಬಹುದು. ‘ನೆಟ್‌ಡೆವ್_ಮ್ಯಾಕ್ಸ್_ಬ್ಯಾಕ್‌ಲಾಗ್’ ಏರಿಸಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಎರಡನೆಯ ಕಾಲಂ ಸೊನ್ನೆಯಿದ್ದರೆ ಅದರಿಂದ ಏನೂ ಆಗದು: ಆ ಬ್ಯಾಕ್‌ಲಾಗ್ ಸರದಿಯಲ್ಲಿ ನಿಲ್ಲುವುದು ಲೂಪ್‌ಬ್ಯಾಕ್ (ಯಂತ್ರ ತನಗೇ ಕಳಿಸಿದ್ದು), ಆರ್‌ಪಿಎಸ್ (ಪ್ಯಾಕೆಟ್‌ಗಳನ್ನು ತಂತ್ರಾಂಶದಲ್ಲೇ ಕೋರ್‌ಗಳಿಗೆ ಹಂಚುವುದು) ಮುಂತಾದ ದಾರಿಯ ಪ್ಯಾಕೆಟ್‌ಗಳು. ನ್ಯಾಪಿ ಡ್ರೈವರ್‌ನಿಂದ ನೇರ ಬಂದವು ಅತ್ತ ಸುಳಿಯುವುದೇ ಇಲ್ಲ.

‘ಮಿಸ್ಡ್’ ಏರುತ್ತಿದ್ದರೆ ರಿಂಗ್ ಹಿಗ್ಗಿಸಬೇಕು. ಇಥ್‌ಟೂಲ್‌ಗೆ ಸಣ್ಣ ‘ಜಿ’ ಕೊಟ್ಟರೆ ಈಗಿನ ಅಳತೆ ಮತ್ತು ಗರಿಷ್ಠ ಮಿತಿ ಕಾಣುತ್ತವೆ, ದೊಡ್ಡ ‘ಜಿ’ ಕೊಟ್ಟು ಬದಲಿಸಬೇಕು. ಹಲವು ಕಾರ್ಡ್‌ಗಳಲ್ಲಿ ಮಿತಿ 4096. ಒಮ್ಮೆಲೇ ಅಲ್ಲಿಗೆ ಹಾರದೆ 1024ರಿಂದ ಶುರು ಮಾಡಿ, ಏಕೆಂದರೆ ಉದ್ದದ ರಿಂಗ್‌ನಲ್ಲಿ ಪ್ಯಾಕೆಟ್ ಕಾಯುವ ಹೊತ್ತೂ ಉದ್ದ. ಬದಲಿಸುವಾಗ ಹಲವು ಡ್ರೈವರ್‌ಗಳು ರಿಂಗನ್ನು ಕೆಡವಿ ಕಟ್ಟುತ್ತವೆ, ಲಿಂಕ್ ಕೆಲ ಸೆಕೆಂಡ್ ಬೀಳುತ್ತದೆ. ದೂರದಿಂದ ಎಸ್‌ಎಸ್‌ಎಚ್ ಹಿಡಿದು ಮಾಡುವವರು ಇದನ್ನು ಮೊದಲೇ ತಿಳಿದಿರಲಿ.

ರಿಂಗ್ ಹಿಗ್ಗಿಸಿಯೂ ಬೀಳುವುದು ನಿಲ್ಲದಿದ್ದರೆ ‘ಟಾಪ್’ ತೆರೆದು 1 ಒತ್ತಿ. ಒಂದೇ ಕೋರ್‌ನ ‘ಎಸ್‌ಐ’ (ಸಾಫ್ಟ್‌ಐಆರ್‌ಕ್ಯೂ ಕೆಲಸಕ್ಕೆ ಹೋಗುವ ಶೇಕಡಾ ಸಮಯ) ನೂರರ ಹತ್ತಿರವಿದ್ದು ಉಳಿದವು ಸುಮ್ಮನಿದ್ದರೆ, ಇಡೀ ಹೊರೆ ಒಬ್ಬನ ತಲೆಯ ಮೇಲಿದೆ. ಹಲವು ಕ್ಯೂ ಇರುವ ಕಾರ್ಡ್ ವಿಳಾಸ ಮತ್ತು ಪೋರ್ಟ್‌ಗಳ ಹ್ಯಾಶ್ ಲೆಕ್ಕಹಾಕಿ ಫ್ರೇಮ್‌ಗಳನ್ನು ಕ್ಯೂಗಳಿಗೆ ಹಂಚುತ್ತದೆ, ಪ್ರತಿ ಕ್ಯೂನ ಇಂಟರಪ್ಟ್ ಬೇರೆ ಕೋರ್‌ಗೆ ಹೋಗಬಹುದು. ‘/ಪ್ರಾಕ್/ಇಂಟರಪ್ಟ್ಸ್’ನಲ್ಲಿ ಇದು ಕಾಣುತ್ತದೆ. ಆದರೆ ಒಂದೇ ಟಿಸಿಪಿ ಸಂಪರ್ಕದ ಹ್ಯಾಶ್ ಯಾವಾಗಲೂ ಒಂದೇ. ಒಂದೇ ಸಂಪರ್ಕದ ವೇಗ ಏರಿಸಲು ಕ್ಯೂ ಹೆಚ್ಚಿಸಿ ಪ್ರಯೋಜನವಿಲ್ಲ.

ಹಂತ 4: ಮೇಲಿನ ಪದರಗಳು

ಎತ್ತಿಕೊಂಡ ಫ್ರೇಮ್ ಈಗ ‘ಎಸ್‌ಕೆಬಿ’ ಎಂಬ ಹೊದಿಕೆಯೊಳಗೆ ಇರುತ್ತದೆ. 14 ಬೈಟ್ ಶಿರೋಲೇಖದ ಕೊನೆಯ ಎರಡು ಬೈಟ್ ನೋಡಿ ಕರ್ನಲ್ ದಾರಿ ಹಚ್ಚುತ್ತದೆ: 0800 ಐಪಿವಿ4, 0806 ಎಆರ್‌ಪಿ, 86ಡಿಡಿ ಐಪಿವಿ6. ಕೇಳುವವರೇ ಇಲ್ಲದ ಪ್ರೋಟೊಕಾಲ್ ಆದರೆ ಎಸೆದು ‘ಡ್ರಾಪ್ಡ್’ ಒಂದು ಏರಿಸುತ್ತದೆ. ಸ್ವಿಚ್ ತನ್ನ ಗುರುತು ಹೇಳಲು ಆಗಾಗ ಹರಡುವ ಎಲ್‌ಎಲ್‌ಡಿಪಿ ಫ್ರೇಮ್‌ಗಳಿಂದ ಯಾರೂ ಬಳಸದ ಯಂತ್ರದಲ್ಲೂ ಈ ಕೌಂಟರ್ ಏರಬಹುದು, ಅದರಿಂದ ಹಾನಿಯಿಲ್ಲ. ಪರೀಕ್ಷೆ ಸುಲಭ: ಹಾದುಹೋಗುವ ಪ್ಯಾಕೆಟ್‌ಗಳನ್ನು ತೋರಿಸುವ ‘ಟಿಸಿಪಿಡಂಪ್’ ಓಡಿಸಿ. ಅದು ಎಲ್ಲವನ್ನೂ ಕೇಳುವವನಾದ್ದರಿಂದ, ಓಡುವಷ್ಟು ಹೊತ್ತು ಏರಿಕೆ ನಿಂತರೆ ಇದೇ ಕಾರಣ.

ಕೊನೆಯ ಬಾಗಿಲು ಸಾಕೆಟ್, ಅಂದರೆ ಪ್ರೋಗ್ರಾಂ ಪ್ಯಾಕೆಟ್ ಓದಿಕೊಳ್ಳುವ ಕಿಂಡಿ. ಪ್ರೋಗ್ರಾಂ ಓದುವುದು ತಡವಾದರೆ ಯುಡಿಪಿ ಪ್ಯಾಕೆಟ್ ಸಾಕೆಟ್ ಬಫರ್ ತುಂಬಿ ಬೀಳುತ್ತದೆ. ‘ನೆಟ್‌ಸ್ಟ್ಯಾಟ್ -ಎಸ್‌ಯು’ ನೋಡಿ. ಇದಕ್ಕೆ ಕಾರ್ಡನ್ನು ದೂರಬೇಡಿ.

ಹಂತ 5: ಹೊರಹೋಗುವ ದಾರಿ

ಇದು ಒಳಬರುವುದಕ್ಕಿಂತ ಸರಳ. ಪ್ಯಾಕೆಟ್ ಮೊದಲು ‘ಕ್ಯೂಡಿಸ್ಕ್’ ಸಾಲಿನಲ್ಲಿ ನಿಂತು, ಡ್ರೈವರ್ ಕೈ ಸೇರಿ, ಕಳಿಸುವ ರಿಂಗ್‌ಗೆ ಇಳಿಯುತ್ತದೆ. ರಿಂಗ್ ತುಂಬಿದರೆ ಡ್ರೈವರ್ ಸಾಲನ್ನು ತಡೆಯುತ್ತದೆ, ಜಾಗವಾದಾಗ ಬಿಡುತ್ತದೆ. ಸಾಲಿನಲ್ಲಿ ಬಿದ್ದದ್ದು ‘ಟಿಸಿ -ಎಸ್ ಕ್ಯೂಡಿಸ್ಕ್’ನಲ್ಲಿ ಸಿಗುತ್ತದೆ. ತಡೆದ ಸಾಲು ಬಿಡುಗಡೆಯಾಗದೇ ಉಳಿದರೆ, ಡ್ರೈವರ್ ಬೇರೆ ಹೇಳದಿದ್ದಲ್ಲಿ 5 ಸೆಕೆಂಡಿನ ಬಳಿಕ ಕಾವಲುಗಾರ ಎಚ್ಚರಾಗಿ ‘ನೆಟ್‌ಡೆವ್ ವಾಚ್‌ಡಾಗ್… ಟ್ರಾನ್ಸ್‌ಮಿಟ್ ಕ್ಯೂ 0 ಟೈಮ್ಡ್ ಔಟ್’ ಎಂದು ಬರೆಯುತ್ತದೆ. ಡ್ರೈವರ್ ಸಾಮಾನ್ಯವಾಗಿ ಕಾರ್ಡನ್ನು ರೀಸೆಟ್ ಮಾಡುತ್ತದೆ. ಈ ಸಂದೇಶ ಮತ್ತೆ ಮತ್ತೆ ಕಂಡರೆ ಡ್ರೈವರ್ ಆವೃತ್ತಿ, ಪಿಸಿಐ ವಿದ್ಯುತ್ ಉಳಿತಾಯ, ‘ಸ್ವಲ್ಪ ನಿಲ್ಲು’ ಎಂದು ಎದುರಿನ ಸ್ವಿಚ್ ಕಳಿಸುವ ‘ಪಾಜ್’ ಫ್ರೇಮ್‌ಗಳು, ಈ ಮೂರನ್ನೂ ಪರೀಕ್ಷಿಸಿ.

ಟಿಸಿಪಿಡಂಪ್‌ನಲ್ಲಿ ನಿಮ್ಮದೇ ಯಂತ್ರದಿಂದ ಹೊರಟ ಪ್ಯಾಕೆಟ್‌ಗಳ ಚೆಕ್‌ಸಮ್ ತಪ್ಪು ಎಂದೋ, 1500 ಮಿತಿ ಮೀರಿ ಹತ್ತಾರು ಸಾವಿರ ಬೈಟ್ ಎಂದೋ ಕಂಡರೆ ಬೆಚ್ಚಬೇಡಿ. ಚೆಕ್‌ಸಮ್ ತುಂಬುವುದನ್ನೂ ತುಂಡು ಮಾಡುವುದನ್ನೂ ಕರ್ನಲ್ ಕಾರ್ಡಿಗೇ ಬಿಟ್ಟಿರುತ್ತದೆ. ಟಿಸಿಪಿಡಂಪ್ ನೋಡುವುದು ಅದಕ್ಕೂ ಮೊದಲು. ಖಾತ್ರಿ ಬೇಕಿದ್ದರೆ ‘ಇಥ್‌ಟೂಲ್ -ಕೆ’ ದೊಡ್ಡಕ್ಷರದಲ್ಲಿ ಕೊಟ್ಟು ಆಫ್‌ಲೋಡ್‌ಗಳನ್ನು (ಹೀಗೆ ಕಾರ್ಡಿಗೆ ಬಿಟ್ಟ ಕೆಲಸಗಳನ್ನು) ಆಫ್ ಮಾಡಿ ನೋಡಿ, ನೋಡಿಯಾದ ಮೇಲೆ ಮತ್ತೆ ಹಚ್ಚಿ.

ಇಥ್‌ಟೂಲ್‌ನಿಂದ ಮಾಡಿದ ಇಂಥ ಯಾವ ಬದಲಾವಣೆಯೂ ಬೂಟ್ ದಾಟಿ ಉಳಿಯುವುದಿಲ್ಲ, ಡ್ರೈವರ್ ಮಾಡ್ಯೂಲ್ ಇಳಿಸಿ ಏರಿಸಿದರೂ ಹೋಗುತ್ತದೆ. ಸರಿಹೊಂದಿದ ಅಳತೆಯನ್ನು ಸಿಸ್ಟಮ್‌ಡಿಯ ಲಿಂಕ್ ಫೈಲಿನಲ್ಲೋ ನೆಟ್‌ವರ್ಕ್‌ಮ್ಯಾನೇಜರ್‌ನಲ್ಲೋ ಬರೆದಿಡಿ, ಅಲ್ಲಿ ಇಂಟರ್‌ಫೇಸ್ ಹೆಸರಿನ ಬದಲು ಮ್ಯಾಕ್ ವಿಳಾಸದಿಂದ ಗುರುತಿಸಿ.