ರಾಯಚೂರು ಸೀಮೆಯ ಮಾತು ಹಿಡಿದು ಎಐ ಸಮ್ಮೇಳನಕ್ಕೆ: ನಾವು ಮಾಡುವ ಕ್ರಮ

ರಾಯಚೂರು, ಕೊಪ್ಪಳ, ಬಳ್ಳಾರಿಯ ಕಾಲೇಜುಗಳಿಂದ ಎಐ ಸಮ್ಮೇಳನಕ್ಕೆ ಪೇಪರ್ ಕಳಿಸಬೇಕು ಅಂತ ಹೊರಟವರು ಮೊದಲು ಕೇಳುವುದು ‘ಯಾವ ಮಾಡೆಲ್ ಬಳಸಬೇಕು’ ಅಂತ. ನಮ್ಮ ಗುಂಪು ಈ ಭಾಗದ ಮಾತನ್ನು ಬರಹಕ್ಕಿಳಿಸುವ ಸ್ಪೀಚ್ ರೆಕಗ್ನಿಷನ್ ಮೇಲೆ ಕೆಲಸ ಮಾಡುತ್ತದೆ. ಮಾಡೆಲ್‌ಗಳು ಇವತ್ತು ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಸಿಗುತ್ತವೆ. ‘ಮಾಡಾಕತ್ತಾನ’, ‘ಬಂದಾನ’, ‘ಹೊಲದಾಗ’ ಅನ್ನುವ ಮಾತು ಹಾಗೆ ಸಿಗುವುದಿಲ್ಲ. ಅದನ್ನು ಸರಿಯಾಗಿ ಸಂಗ್ರಹಿಸಿ, ಸರಿಯಾಗಿ ಅಳೆದು ಬರೆದರೆ ಸಣ್ಣ ಊರಿನ ಪೇಪರಿಗೂ ಜಾಗ ಇದೆ. ಹಾಗಾಗಿ ನಮ್ಮ ಸಮಯದ ಬಹುಪಾಲು ಡೇಟಾಕ್ಕೆ ಹೋಗುತ್ತದೆ.

ಎಲ್ಲಿಗೆ ಕಳಿಸಬೇಕು ಅನ್ನುವುದನ್ನು ಮೊದಲೇ ತೀರ್ಮಾನಿಸಿಕೊಳ್ಳಬೇಕು, ಪುಟದ ಮಿತಿ ಅದರ ಮೇಲೆ ನಿಂತಿದೆ. ಎಸಿಎಲ್, ಇಎಂಎನ್‌ಎಲ್‌ಪಿಯಂಥ, ಕಂಪ್ಯೂಟರಿನಲ್ಲಿ ಭಾಷೆ ಸಂಸ್ಕರಿಸುವ ಕೆಲಸದ ಅಂತರರಾಷ್ಟ್ರೀಯ ಸಮ್ಮೇಳನಗಳಲ್ಲಿ ಉದ್ದ ಪೇಪರಿಗೆ 8 ಪುಟ, ಚಿಕ್ಕ ಪೇಪರಿಗೆ 4 ಪುಟ. ಆಕರಗಳ ಪಟ್ಟಿ ಅದರ ಲೆಕ್ಕಕ್ಕೆ ಬರುವುದಿಲ್ಲ. ಮೊದಲ ಸಲದವರಿಗೆ ಇವುಗಳ ಜೊತೆ ನಡೆಯುವ ವರ್ಕ್‌ಶಾಪ್‌ಗಳೇ ಒಳ್ಳೆಯ ದಾರಿ. 2021ರಲ್ಲಿ ಎಸಿಎಲ್‌ನ ಯುರೋಪ್ ಸಮ್ಮೇಳನವಾದ ಇಎಸಿಎಲ್ ಜೊತೆ ಶುರುವಾದ ದ್ರಾವಿಡಿಯನ್‌ಲ್ಯಾಂಗ್‌ಟೆಕ್ ವರ್ಕ್‌ಶಾಪ್‌ನಲ್ಲಿ ಕನ್ನಡಕ್ಕೂ ಶೇರ್ಡ್ ಟಾಸ್ಕ್ ಇತ್ತು. ಶೇರ್ಡ್ ಟಾಸ್ಕ್ ಅಂದರೆ ಅವರೇ ಡೇಟಾ ಕೊಡುತ್ತಾರೆ, ನಾವು ಮಾಡೆಲ್ ಕಟ್ಟಿ ಟೆಸ್ಟ್ ಡೇಟಾದ ಉತ್ತರ ಕಳಿಸುತ್ತೇವೆ, ರ‍್ಯಾಂಕ್ ಪಟ್ಟಿ ಬಂದ ಮೇಲೆ ನಮ್ಮ ವಿಧಾನ ವಿವರಿಸಿ ಸಣ್ಣ ಪೇಪರ್ ಬರೆಯುತ್ತೇವೆ. ಸ್ವಂತ ಡೇಟಾ ಇಲ್ಲದ ಎಂಟೆಕ್ ವಿದ್ಯಾರ್ಥಿಗೆ ಇಡೀ ಪ್ರಕ್ರಿಯೆ ಕಲಿಯಲು ಇದಕ್ಕಿಂತ ಒಳ್ಳೆಯದಿಲ್ಲ. ಧ್ವನಿಯ ಕೆಲಸಕ್ಕೆ ಇಂಟರ್‌ಸ್ಪೀಚ್ ಇದೆ (2018ರಲ್ಲಿ ಅದು ನಮ್ಮ ಪಕ್ಕದ ಹೈದರಾಬಾದಿನಲ್ಲೇ ನಡೆದಿತ್ತು), ದೇಶದೊಳಗೆ ಭಾಷಾ ಸಂಸ್ಕರಣೆಗೆ ಐಕಾನ್ ಸಮ್ಮೇಳನ ಇದೆ.

‘ಮೂರು ದಿನದಲ್ಲಿ ಒಪ್ಪಿಗೆ, ಸ್ಕೋಪಸ್ ಗ್ಯಾರಂಟಿ’ (ಸ್ಕೋಪಸ್ ಅಂದರೆ ಸಂಶೋಧನಾ ಪ್ರಕಟಣೆಗಳ ಒಂದು ಸೂಚಿ) ಅಂತ ಇಮೇಲ್ ಕಳಿಸುವ ಸಮ್ಮೇಳನಗಳಿಂದ ದೂರ ಇರಿ. ಪರೀಕ್ಷೆ ಸುಲಭ: ಹಿಂದಿನ ವರ್ಷದ ಪೇಪರ್‌ಗಳನ್ನು ತೆರೆದು ನಾಲ್ಕನ್ನು ಓದಿ. ಓದಲು ಸಿಗದಿದ್ದರೆ, ಇಲ್ಲವೇ ಕೃಷಿ, ಕಾಮರ್ಸ್, ಎಐ ಎಲ್ಲವೂ ಒಂದೇ ಸಂಪುಟದಲ್ಲಿದ್ದರೆ ಬಿಟ್ಟುಬಿಡಿ. ಪಿಎಚ್‌ಡಿ ನಿಯಮದ ಒತ್ತಡದಲ್ಲಿ ವಿದ್ಯಾರ್ಥಿಗಳು ಇಂಥ ಕಡೆ ದುಡ್ಡು ಕಟ್ಟುವುದನ್ನು ನೋಡಿದರೆ ಸಂಕಟವಾಗುತ್ತದೆ.

ಇನ್ನು ಡೇಟಾ. ರೆಕಾರ್ಡಿಂಗ್ 16 ಕಿಲೋಹರ್ಟ್ಸ್, ಮೊನೊ, 16 ಬಿಟ್ ವೇವ್ ಫೈಲ್. ಗಂಟೆಗೆ ಸುಮಾರು 115 ಎಂಬಿ ಜಾಗ ಬೇಕು. ಸಾಧಾರಣ ಮೊಬೈಲ್ ಸಾಕು, ಆದರೆ ವಾಟ್ಸ್‌ಆ್ಯಪ್ ವಾಯ್ಸ್ ನೋಟ್ ಬೇಡ, ಅದು ಕುಗ್ಗಿದ ಆಡಿಯೊ. ರೆಕಾರ್ಡರ್ ಆ್ಯಪ್‌ನಲ್ಲಿ ವೇವ್ ಆಗಿ ಹಿಡಿದು, ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಬೇಕು. ಮಾತನ್ನು ಬರಹಕ್ಕಿಳಿಸಲು ನಾವು ಬಳಸುವ ವಿಸ್ಪರ್ ಮಾಡೆಲ್ 30 ಸೆಕೆಂಡಿನ ಕಿಟಕಿಯಲ್ಲಿ ಕೇಳಿಸಿಕೊಳ್ಳುವುದರಿಂದ ಪ್ರತಿ ತುಣುಕನ್ನೂ ಅದಕ್ಕಿಂತ ಚಿಕ್ಕದಾಗಿ, ಮಾತು ನಿಂತ ಕಡೆಯೇ ಕತ್ತರಿಸುತ್ತೇವೆ.

ಮಾತಾಡಿದವರ ತಾಲ್ಲೂಕು, ವಯಸ್ಸಿನ ಗುಂಪು, ಲಿಂಗ, ಮನೆಮಾತು, ಬಳಸಿದ ಫೋನ್ ಇವನ್ನು ಪ್ರತಿ ಫೈಲಿಗೂ ಬರೆದಿಡಬೇಕು. ನಮ್ಮಲ್ಲಿ ಇದು ಬಹಳ ಮುಖ್ಯ. ಲಿಂಗಸುಗೂರಿನ ಮಾತು ಬೇರೆ, ತೆಲಂಗಾಣ ಗಡಿಯ ಹಳ್ಳಿಗಳ ಮಾತು ಬೇರೆ. ಸಿಂಧನೂರು, ಗಂಗಾವತಿ ಕಡೆ ತುಂಗಭದ್ರಾ ಕಾಲುವೆ ಬಂದ ಮೇಲೆ ನೆಲೆಸಿದವರ ಕ್ಯಾಂಪ್‌ಗಳಲ್ಲಿ ಒಂದೇ ವಾಕ್ಯದೊಳಗೆ ತೆಲುಗು ಕನ್ನಡ ಎರಡೂ ಬರುತ್ತವೆ. ಬರೇ ‘ಕನ್ನಡ’ ಅಂತ ಗುರುತು ಹಾಕಿದರೆ ಮಾಡೆಲ್ ಎಲ್ಲಿ ಸೋತಿತು ಅಂತ ಆಮೇಲೆ ಹುಡುಕಲು ಬರುವುದಿಲ್ಲ.

ಒಪ್ಪಿಗೆಯನ್ನು ಅವರ ಮಾತಿನಲ್ಲೇ ವಿವರಿಸಿ, ಧ್ವನಿಯಲ್ಲೇ ದಾಖಲಿಸಿ ಫೈಲಿನ ಜೊತೆ ಇಡುತ್ತೇವೆ: ಯಾವುದಕ್ಕೆ ಬಳಸುತ್ತೇವೆ, ಯಾರಿಗೆ ಸಿಗುತ್ತದೆ, ಬೇಡವೆಂದರೆ ಹೇಗೆ ತೆಗೆಸಬಹುದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆ ಇರುವುದರಿಂದ ಮಾತ್ರವಲ್ಲ, ಸಮ್ಮೇಳನದ ಚೆಕ್‌ಲಿಸ್ಟಿನಲ್ಲೂ ಈ ಪ್ರಶ್ನೆ ಇದೆ. ಮಾತಾಡಿದವರಿಗೆ, ಬರೆದುಕೊಟ್ಟವರಿಗೆ ಎಷ್ಟು ಕೊಟ್ಟಿರಿ ಅಂತಲೂ ಕೇಳುತ್ತಾರೆ. ದಿನಗೂಲಿ ಬಿಟ್ಟು ಬಂದವರಿಗೆ ಆ ದಿನದ ಕೂಲಿಗಿಂತ ಕಮ್ಮಿ ಕೊಡಬಾರದು ಅನ್ನುವುದು ನನ್ನ ನಿಲುವು.

ಬರಹಕ್ಕಿಳಿಸುವಾಗ ಬರುವ ದೊಡ್ಡ ತೊಡಕು ಇದು. ರೈತ ಹೇಳಿದ್ದು ‘ಅಂವ ಹೊಲದಾಗ ಹತ್ತಿ ಬಿಡಸಾಕತ್ತಾನ’. ಗ್ರಂಥಭಾಷೆಯಲ್ಲಿ ಕಲಿತ ಮಾಡೆಲ್ ಬರೆದದ್ದು ‘ಅಂವ ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದಾನೆ’. ಅರ್ಥ ಪೂರ್ತಿ ಸರಿ. ಆದರೆ ನಾಲ್ಕು ಪದದಲ್ಲಿ ಎರಡು ತಪ್ಪು, ಪದದೋಷ (ತಪ್ಪಾದ ಪದಗಳ ಪ್ರಮಾಣ) ಶೇ. 50. ಇದೊಂದೇ ಅಂಕಿ ಕೊಟ್ಟರೆ ಮಾಡೆಲ್ ಕೇಳಿಸಿಕೊಳ್ಳಲಿಲ್ಲವೋ, ತಿದ್ದಿ ಬರೆಯಿತೋ ತಿಳಿಯುವುದಿಲ್ಲ. ಅದಕ್ಕೇ ಪ್ರತಿ ತುಣುಕಿಗೂ ಎರಡು ಸಾಲು ಬರೆಸುತ್ತೇವೆ, ಆಡಿದ್ದು ಆಡಿದಂತೆ ಒಂದು, ಗ್ರಂಥಭಾಷೆಯಲ್ಲಿ ಇನ್ನೊಂದು. ಎರಡರ ಎದುರೂ ಅಳೆಯುತ್ತೇವೆ. ಕನ್ನಡದಲ್ಲಿ ಪ್ರತ್ಯಯಗಳು ಅಂಟಿ ಪದ ಉದ್ದವಾಗುವುದರಿಂದ ಪದದೋಷದ ಜೊತೆ ಅಕ್ಷರದೋಷವನ್ನೂ ಕೊಡಲೇಬೇಕು. ಡೇಟಾದ ಹತ್ತನೇ ಒಂದು ಭಾಗವನ್ನು ಇಬ್ಬರಿಂದ ಬೇರೆ ಬೇರೆಯಾಗಿ ಬರೆಸಿ, ಅವರಿಬ್ಬರ ನಡುವಿನ ವ್ಯತ್ಯಾಸವನ್ನೂ ಪೇಪರಿನಲ್ಲಿ ಹೇಳುತ್ತೇವೆ. ಮನುಷ್ಯರೇ ಒಪ್ಪದ ಕಡೆ ಯಂತ್ರದಿಂದ ಎಷ್ಟು ನಿರೀಕ್ಷಿಸಬಹುದು ಅನ್ನುವುದಕ್ಕೆ ಅದೇ ಅಳತೆ.

ಅಂಕಿ ಕೆಡುವ ಇನ್ನೆರಡು ಜಾಗಗಳಿವೆ. ಒಬ್ಬರದೇ ಧ್ವನಿ ತರಬೇತಿಯಲ್ಲೂ ಪರೀಕ್ಷೆಯಲ್ಲೂ ಇದ್ದರೆ ಫಲಿತಾಂಶ ಸುಳ್ಳೇ ಚೆನ್ನಾಗಿ ಕಾಣುತ್ತದೆ. ವಿಂಗಡಣೆ ಫೈಲಿನ ಪ್ರಕಾರ ಅಲ್ಲ, ವ್ಯಕ್ತಿಯ ಪ್ರಕಾರ ಆಗಬೇಕು. ಎರಡನೆಯದು ವಿಸ್ಪರ್ ಜೊತೆ ಬರುವ ನಾರ್ಮಲೈಸರ್, ಅಂದರೆ ಅಳೆಯುವ ಮೊದಲು ಪಠ್ಯವನ್ನು ಒಂದೇ ರೂಪಕ್ಕೆ ತರುವ ಕೋಡ್. ಇಂಗ್ಲಿಷ್ ಅಲ್ಲದ ಭಾಷೆಗಳಿಗೆ ಇರುವ ಅದು ಯೂನಿಕೋಡ್‌ನಲ್ಲಿ ‘ಮಾರ್ಕ್’ ವರ್ಗದ ಚಿಹ್ನೆಗಳನ್ನೆಲ್ಲ ತೆಗೆದು ಆ ಜಾಗದಲ್ಲಿ ಖಾಲಿ ಬಿಡುತ್ತದೆ. ಕನ್ನಡದ ಕಾಗುಣಿತದ ಗುರುತುಗಳು, ಅರ್ಧಾಕ್ಷರದ ಗುರುತು ಎಲ್ಲ ಅದೇ ವರ್ಗ. ಹಾಗಾಗಿ ಪದಗಳು ಬಿಡಿ ವ್ಯಂಜನಗಳಾಗಿ ಒಡೆದು, ಅಳೆದ ಅಂಕಿಗೆ ಅರ್ಥವೇ ಉಳಿಯುವುದಿಲ್ಲ. ನಾವು ಅದನ್ನು ಬಿಟ್ಟು, ಎರಡೂ ಕಡೆಯ ಪಠ್ಯವನ್ನು ಯೂನಿಕೋಡ್ ಎನ್‌ಎಫ್‌ಸಿ ರೂಪಕ್ಕೆ ತಂದು, ವಿರಾಮ ಚಿಹ್ನೆ ಮತ್ತು ಅಕ್ಷರ ಕೂಡಿಸಲು, ಬಿಡಿಸಲು ಬರುವ ಕಾಣದ ಜಾಯ್ನರ್‌ಗಳನ್ನಷ್ಟೇ ತೆಗೆಯುತ್ತೇವೆ. ‘ೊ’, ‘ೋ’ ಗುರುತುಗಳನ್ನು ಒಂದಕ್ಕಿಂತ ಹೆಚ್ಚು ಬಗೆಯಲ್ಲಿ ಕೂಡಿಸಿ ಟೈಪ್ ಮಾಡಬಹುದು, ಕಣ್ಣಿಗೆ ಒಂದೇ ಕಾಣುತ್ತದೆ, ಯಂತ್ರಕ್ಕೆ ಬೇರೆ; ಎನ್‌ಎಫ್‌ಸಿ ಅವನ್ನು ಒಂದೇ ಮಾಡುತ್ತದೆ. ಮಾಡಿದ ಪ್ರತಿ ಬದಲಾವಣೆಯನ್ನೂ ಅನುಬಂಧದಲ್ಲಿ ಬರೆಯಿರಿ.

ತರಬೇತಿಗೆ ದುಬಾರಿ ಯಂತ್ರ ಬೇಕಿಲ್ಲ. ಸುಮಾರು 24 ಕೋಟಿ ಪ್ಯಾರಾಮೀಟರಿನ (ಕಲಿಯುವಾಗ ಬದಲಾಗುವ ಒಳಗಿನ ಅಂಕಿಗಳ) ವಿಸ್ಪರ್ ಸ್ಮಾಲ್ ಮಾಡೆಲನ್ನು ಗೂಗಲ್‌ನ ಆನ್‌ಲೈನ್ ಸೇವೆ ಕೋಲ್ಯಾಬ್‌ನ ಉಚಿತ ಟಿ4 ಜಿಪಿಯುನಲ್ಲಿ ಫೈನ್‌ಟ್ಯೂನ್ ಮಾಡಬಹುದು, ಅಂದರೆ ನಮ್ಮ ಡೇಟಾದಿಂದ ಇನ್ನಷ್ಟು ಕಲಿಸಬಹುದು. ದೊಡ್ಡ ಮಾಡೆಲ್‌ಗೆ, ಹೊಸದಾಗಿ ಸೇರಿಸಿದ ಸಣ್ಣ ಭಾಗವನ್ನಷ್ಟೇ ಕಲಿಸುವ ಲೋರಾ ವಿಧಾನ. ಸಂಪರ್ಕ ಕಡಿದರೆ ಕೆಲಸ ಹೋಗದಂತೆ ಪ್ರತಿ 500 ಹೆಜ್ಜೆಗೆ ಚೆಕ್‌ಪಾಯಿಂಟ್ (ಅಲ್ಲಿಯವರೆಗೆ ಕಲಿತ ಮಾಡೆಲ್‌ನ ಪ್ರತಿ) ಗೂಗಲ್ ಡ್ರೈವ್‌ಗೆ ಬೀಳಬೇಕು. ಮೂರು ಬೇರೆ ಸೀಡ್‌ಗಳಲ್ಲಿ (ಯಾದೃಚ್ಛಿಕ ಆಯ್ಕೆಗಳ ಆರಂಭದ ಅಂಕಿಗಳಲ್ಲಿ) ಓಡಿಸಿ ಸರಾಸರಿಯನ್ನೂ ವ್ಯತ್ಯಾಸವನ್ನೂ ಕೊಡಿ. ಹೋಲಿಕೆಗೆ ಫ್ಲರ್ಸ್, ಕಥ್‌ಬಾತ್‌ನಂಥ, ಓದಿಸಿ ಹಿಡಿದ ಧ್ವನಿಯ ಸಾರ್ವಜನಿಕ ಸಂಗ್ರಹದ ಕನ್ನಡ ಭಾಗದ ಮೇಲೂ ಅದೇ ಮಾಡೆಲ್ ಪರೀಕ್ಷಿಸಿದರೆ, ಓದಿದ ಕನ್ನಡಕ್ಕೂ ಆಡಿದ ಕನ್ನಡಕ್ಕೂ ಇರುವ ಅಂತರ ರಿವ್ಯೂವರ್‌ಗೆ ನೇರ ಕಾಣುತ್ತದೆ.

ಬರೆಯುವುದು ಲೇಟೆಕ್‌ನಲ್ಲಿ, ಅಂದರೆ ಆಜ್ಞೆಗಳಿಂದ ಪುಟ ಜೋಡಿಸುವ ತಂತ್ರಾಂಶದಲ್ಲಿ. ಅದರ ಸಾಮಾನ್ಯ ರೂಪವಾದ ಪಿಡಿಎಫ್‌ಲೇಟೆಕ್‌ನಲ್ಲಿ ಕನ್ನಡ ಬರುವುದಿಲ್ಲ. ಎಸಿಎಲ್ ಟೆಂಪ್ಲೇಟ್‌ನಲ್ಲಿ ಇನ್ನೊಂದು ರೂಪವಾದ ಲುಆಲೇಟೆಕ್‌ಗೆ ಬೇರೆ ಫೈಲ್ ಇದೆ, ಅದರಲ್ಲಿ ನೋಟೊ ಕನ್ನಡ ಫಾಂಟನ್ನು ಅಕ್ಷರ ಜೋಡಿಸುವ ಹಾರ್ಫ್‌ಬಝ್ ರೆಂಡರರ್ ಜೊತೆ ಹಾಕಿದರೆ ಒತ್ತಕ್ಷರ ಸರಿ ಕೂಡುತ್ತವೆ. ನುಡಿ ತಂತ್ರಾಂಶದ ಹಳೆಯ ಫೈಲಿನಿಂದ ಪಠ್ಯ ತಂದರೆ ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ. ಪ್ರತಿ ಉದಾಹರಣೆಗೂ ಮೂರು ಸಾಲು: ಕನ್ನಡ ಲಿಪಿ, ಲಿಪ್ಯಂತರ, ಇಂಗ್ಲಿಷ್ ಅರ್ಥ. ಎಸಿಎಲ್ ಸಮ್ಮೇಳನಗಳಲ್ಲಿ, ಕೆಲಸದ ಮಿತಿಗಳನ್ನು ಹೇಳುವ ‘ಲಿಮಿಟೇಷನ್ಸ್’ ವಿಭಾಗ ಕಡ್ಡಾಯ. ಅದಿಲ್ಲದ ಪೇಪರನ್ನು ಓದದೆಯೇ ತಿರಸ್ಕರಿಸಬಹುದು.

ಅಲ್ಲಿಗೆ ಸಲ್ಲಿಕೆ ಓಪನ್‌ರಿವ್ಯೂ ಜಾಲತಾಣದ ಮೂಲಕ. ಕಾಲೇಜಿನ ಇಮೇಲ್ ಇಲ್ಲದೆ ಪ್ರೊಫೈಲ್ ಮಾಡಿದರೆ ಅನುಮತಿಗೆ ಎರಡು ವಾರದವರೆಗೂ ಹಿಡಿಯಬಹುದು. ಎಲ್ಲ ಲೇಖಕರ ಪ್ರೊಫೈಲನ್ನೂ ತಿಂಗಳ ಮುಂಚೆ ಮಾಡಿಸಿ. ಡೆಡ್‌ಲೈನ್ ‘ಎಒಇ’ (ಎನಿವೇರ್ ಆನ್ ಅರ್ತ್, ಭೂಮಿಯ ಮೇಲೆ ಎಲ್ಲಾದರೂ ಆ ದಿನ ಉಳಿದಿರುವವರೆಗೆ) ಅಂತಿದ್ದರೆ, ಆ ದಿನದ ರಾತ್ರಿ 11:59 ಅಂದರೆ ನಮಗೆ ಮರುದಿನ ಸಂಜೆ 5:29. ಲೇಖಕರ ಹೆಸರು ರಿವ್ಯೂವರ್‌ಗೆ ತಿಳಿಯಬಾರದು ಅನ್ನುವ ನಿಯಮ ಮೊದಲ ಪುಟಕ್ಕಷ್ಟೇ ಅಲ್ಲ: ಪಿಡಿಎಫ್ ಗುಣಲಕ್ಷಣ, ಗಿಟ್‌ಹಬ್ ಕೊಂಡಿ, ಸ್ಕ್ರೀನ್‌ಶಾಟ್‌ನ ಫೋಲ್ಡರ್ ಹೆಸರು, ‘ನಮ್ಮ ಕಾಲೇಜಿನ ನೀತಿ ಸಮಿತಿ’ ಅನ್ನುವ ವಾಕ್ಯ, ಎಲ್ಲವನ್ನೂ ನೋಡಬೇಕು.

ರಿವ್ಯೂ ಬಂದಾಗ ‘ಒಂದೇ ಭಾಷೆಯ ಮೇಲೆ ಮಾಡಿದ್ದಾರೆ, ಬೇರೆಡೆ ಅನ್ವಯಿಸುತ್ತದೆಯೇ’ ಅನ್ನುವ ಮಾತು ಆಗಾಗ ಇರುತ್ತದೆ. ಎದೆಗುಂದಬೇಡಿ. ಎಸಿಎಲ್‌ನ ಪೇಪರ್ ಪರಿಶೀಲನಾ ವ್ಯವಸ್ಥೆಯಾದ ರೋಲಿಂಗ್ ರಿವ್ಯೂನ ಮಾರ್ಗಸೂಚಿಯೇ, ಇಂಗ್ಲಿಷ್ ಅಲ್ಲದ ಭಾಷೆಯ ಮೇಲಿದೆ ಅನ್ನುವ ಕಾರಣಕ್ಕೆ ತೆಗಳುವುದನ್ನು ಸೋಮಾರಿ ವಿಮರ್ಶೆಯ ಪಟ್ಟಿಯಲ್ಲಿ ಸೇರಿಸಿದೆ. ಅದನ್ನು ವಿನಯದಿಂದ ನೆನಪಿಸಬಹುದು. ಉಳಿದಂತೆ ಉತ್ತರದಲ್ಲಿ ವಾದಕ್ಕಿಂತ ಅಂಕಿ ಇರಲಿ. ಕೇಳಿದ ಒಂದು ಹೊಸ ಪ್ರಯೋಗವನ್ನು ಆ ಕೆಲವೇ ದಿನಗಳಲ್ಲಿ ಓಡಿಸಲು ಆಗುವಂತೆ ಕೋಡ್ ಸಿದ್ಧವಿರಬೇಕು.

ಒಪ್ಪಿಗೆಯಾದ ಪೇಪರಿಗೆ ಒಬ್ಬ ಲೇಖಕರಾದರೂ ನೋಂದಣಿ ಶುಲ್ಕ ಕಟ್ಟಬೇಕು, ಆನ್‌ಲೈನ್ ಆದರೂ. ವಿದ್ಯಾರ್ಥಿಗಳು ವಾಲಂಟಿಯರ್ ಆಗಿ ಸೇರಿದರೆ ಶುಲ್ಕ ಮಾಫಿ ಸಿಗುವುದುಂಟು. ನೆರವಿನ ಅರ್ಜಿಯ ದಿನಾಂಕ ಬೇಗ ಮುಗಿಯುವುದರಿಂದ ಒಪ್ಪಿಗೆಯ ಪತ್ರ ಬಂದ ದಿನವೇ ನೋಡಿ. ವೀಸಾಕ್ಕೆ ಆಹ್ವಾನ ಪತ್ರವನ್ನೂ ಅಂದೇ ಕೇಳಿ. ರಾಯಚೂರಿನವರಿಗೆ ವೀಸಾ ಕೇಂದ್ರಕ್ಕೂ ವಿಮಾನಕ್ಕೂ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ.

ಪೋಸ್ಟರ್ ಸಾಮಾನ್ಯವಾಗಿ ಎ0, ಅಂದರೆ 841 × 1189 ಮಿಲಿಮೀಟರ್. ನಿಲುವೋ ಅಡ್ಡವೋ ಅಂತ ಸೂಚನೆ ಓದಿ. ಇಲ್ಲಿನ ಫ್ಲೆಕ್ಸ್ ಅಂಗಡಿಯಲ್ಲಿ ಅಡಿ ಲೆಕ್ಕ. 3 × 4 ಅಡಿಗೆ ಮುದ್ರಿಸಿ ಅಂಚು ಕತ್ತರಿಸಿಕೊಡಲು ಹೇಳಿ. ವರ್ಡ್ ಅಥವಾ ಪಿಪಿಟಿ ಕೊಟ್ಟರೆ ಅಂಗಡಿಯ ಕಂಪ್ಯೂಟರಿನಲ್ಲಿ ಕನ್ನಡ ಒಡೆಯುತ್ತದೆ. ಅಕ್ಷರಗಳನ್ನು ಔಟ್‌ಲೈನ್ ಮಾಡಿದ ಪಿಡಿಎಫ್ ಕೊಡಿ. ಪಠ್ಯ 28 ಪಾಯಿಂಟ್‌ಗಿಂತ ಚಿಕ್ಕದು ಬೇಡ. ಹತ್ತಿ ಬಿಡಿಸುವ ಆ ವಾಕ್ಯದಂಥ ಒಂದು ಉದಾಹರಣೆಯನ್ನು ನಡುವೆ ದೊಡ್ಡದಾಗಿ ಹಾಕಿ, ಮೊಬೈಲಿನಲ್ಲಿ ಅದರ ಧ್ವನಿ ಇಟ್ಟುಕೊಂಡು, ಬಂದವರಿಗೆ ಇಯರ್‌ಫೋನ್ ಕೊಡಿ. ತಮಿಳು, ಮರಾಠಿ ಉಪಭಾಷೆಗಳ ಮೇಲೆ ಕೆಲಸ ಮಾಡುವವರು ತಮ್ಮಲ್ಲೂ ಹೀಗೇ ಆಗುತ್ತದೆ ಅಂತ ನಿಂತು ಮಾತಾಡುತ್ತಾರೆ. ಡೇಟಾ ಕೊಡುತ್ತೀರಾ ಅಂತ ಕೇಳುವವರೇ ಹೆಚ್ಚು. ಆದ್ದರಿಂದ ಲೈಸೆನ್ಸ್ ಯಾವುದು, ಯಾವ ಭಾಗ ಹಂಚಲು ಒಪ್ಪಿಗೆ ಇದೆ ಅನ್ನುವುದನ್ನು ಹೊರಡುವ ಮೊದಲೇ ಗುಂಪಿನಲ್ಲಿ ತೀರ್ಮಾನಿಸಿ, ಡೌನ್‌ಲೋಡ್ ಕೊಂಡಿಯ ಕ್ಯೂಆರ್ ಕೋಡನ್ನು ಪೋಸ್ಟರಿನ ಮೇಲ್ಭಾಗದಲ್ಲಿ, ನಿಂತವರ ಫೋನಿಗೆ ಎಟಕುವ ಎತ್ತರದಲ್ಲಿ ಮುದ್ರಿಸಿ.