ಹೃದಯದ ಹಿಂದೆ ಹೋಗಿ ನಿಂತ ಮಕ್ಕಳು

ನಾನು ಶಿಡ್ಲಘಟ್ಟ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಮತ್ತು ಗಣಿತ ಪಾಠ ಮಾಡುತ್ತೇನೆ. ದಾನಿಯೊಬ್ಬರು ನಮ್ಮ ಶಾಲೆಗೆ ಕೆಲವು ಟ್ಯಾಬ್ ಕೊಟ್ಟರು. ಒಂದು ಟ್ಯಾಬಿನ ಸುತ್ತ ನಾಲ್ಕೈದು ಮಕ್ಕಳು ಕೂತರೆ ತರಗತಿಗೆ ಸಾಕಾಗುತ್ತದೆ. ಬೀರುವಿನಲ್ಲಿಟ್ಟು ಬೀಗ ಹಾಕುವುದು ಬೇಡ ಅಂತ ಮೊದಲೇ ಮಾತಾಡಿಕೊಂಡಿದ್ದೆವು. ಆದರೆ ಯಾವ ಪಾಠಕ್ಕೆ ತೆಗೆಯಬೇಕು, ಯಾವುದಕ್ಕೆ ಬೇಡ ಅನ್ನುವುದು ಪಾಠ ಮಾಡುತ್ತಾ ಮಾಡುತ್ತಾ ಗೊತ್ತಾಯಿತು. ಈಗ ನಾನು ಹಿಡಿದಿರುವ ದಾರಿ ಇದು: ಕೈಗೆ ಸಿಗುವ ವಸ್ತುವನ್ನು ಕೈಗೇ ಕೊಡುತ್ತೇನೆ. ಕೈಗೆ ಸಿಗದೇ ಇದ್ದರೆ, ಅಥವಾ ಸಿಕ್ಕರೂ ಅದರ ಒಳಗೆ ನಡೆಯುವುದು ಕಾಣದಿದ್ದರೆ, ಆಗ ಟ್ಯಾಬ್.

ಪಕ್ಕದ ಪ್ರಾಥಮಿಕ ಶಾಲೆಯ ಮೇಡಂ ಒಬ್ಬರು ರೇಷ್ಮೆ ಹುಳುವಿನ ಜೀವನ ಚಕ್ರವನ್ನು ಟ್ಯಾಬಿನಲ್ಲಿ ತೋರಿಸಿ ಅಂತ ಕೇಳಿದ್ದರು. ನಾನು ಬೇಡ ಅಂದೆ. ನಮ್ಮ ಊರುಗಳಲ್ಲಿ ಅದು ಮನೆಯೊಳಗೇ ಇದೆ, ಅಲ್ವಾ? ಒಂದು ತಟ್ಟೆ ಹುಳು, ಒಂದಿಷ್ಟು ಹಿಪ್ಪುನೇರಳೆ ಸೊಪ್ಪು ತರಿಸಿದೆವು. ಹುಳುವಿಗೆ ನಾಲ್ಕು ಸಲ ಜ್ವರ ಬರುತ್ತದೆ (ಪೊರೆ ಬಿಡುವ ಮುಂಚೆ ಸುಮ್ಮನೆ ಮಲಗುವುದಕ್ಕೆ ಹಾಗನ್ನುತ್ತಾರೆ), ಜ್ವರದಲ್ಲಿ ಸೊಪ್ಪು ತಿನ್ನುವುದಿಲ್ಲ, ಪೊರೆ ಬಿಟ್ಟ ಮೇಲೆ ಮತ್ತೆ ತಿನ್ನುತ್ತದೆ, ಹಣ್ಣಾದ ಮೇಲೆ, ಅಂದರೆ ಗೂಡು ಕಟ್ಟಲು ಸಿದ್ಧವಾದ ಮೇಲೆ, ಚಂದ್ರಿಕೆಗೆ (ಗೂಡು ಕಟ್ಟುವ ಬಿದಿರಿನ ತಟ್ಟೆಗೆ) ಬಿಡಬೇಕು. ಇಷ್ಟನ್ನೂ ಹೇಳಿದ್ದು ಮಕ್ಕಳೇ. ಗೂಡನ್ನು ಬ್ಲೇಡಿನಿಂದ ಬಿಡಿಸಿ ಒಳಗಿನ ಕೋಶವನ್ನೂ (ಪ್ಯೂಪಾ) ತೋರಿಸಿದರು. ಇದಕ್ಕಿಂತ ಒಳ್ಳೆಯ ಪಾಠವನ್ನು ಯಾವ ಆ್ಯಪ್ ಮಾಡೀತು?

ಹೃದಯದ ಪಾಠ ಹಾಗಲ್ಲ. ಹತ್ತನೇ ತರಗತಿಯ ‘ಜೀವಕ್ರಿಯೆಗಳು’ ಪಾಠದಲ್ಲಿ ಪ್ರತಿ ವರ್ಷ ಮಕ್ಕಳು ಒಂದೇ ಕಡೆ ಎಡವುತ್ತಾರೆ. ಪುಸ್ತಕದ ಚಿತ್ರದಲ್ಲಿ ಹೃದಯ ನಮಗೆ ಎದುರಾಗಿ ಇರುತ್ತದೆ. ಹಾಗಾಗಿ ಎಡ ಹೃತ್ಕುಕ್ಷಿ (ಹೃದಯದ ಎಡಗಡೆಯ ಕೆಳಗಿನ ಕೋಣೆ) ನಮ್ಮ ಬಲಕ್ಕೆ ಬರುತ್ತದೆ. ‘ಎದುರಿಗೆ ನಿಂತವರ ಎಡಗೈ ನೆನಪಿಸಿಕೊಳ್ಳಿ’ ಅಂತ ಎಷ್ಟು ಹೇಳಿದರೂ ಪರೀಕ್ಷೆಯಲ್ಲಿ ಎಡಬಲ ಅದಲುಬದಲಾಗುತ್ತಿತ್ತು.

ಮೊದಲು ಮಾಂಸದಂಗಡಿಯಿಂದ ಕುರಿಯ ಹೃದಯ ತಂದು ಉದ್ದಕ್ಕೆ ಸೀಳಿ ತೋರಿಸಿದೆ. ಮುಟ್ಟಲು ಮನಸ್ಸಿಲ್ಲದವರು ದೂರ ಕೂತು ಚಿತ್ರ ಬರೆದರು, ಅವರನ್ನು ಬಲವಂತ ಮಾಡಲಿಲ್ಲ. ಎಡ ಹೃತ್ಕುಕ್ಷಿಯ ಗೋಡೆ ಎಷ್ಟು ದಪ್ಪ ಅನ್ನುವುದು ಬೆರಳಿಗೇ ತಿಳಿಯುತ್ತದೆ. ಬಲಗಡೆಯದು ಪಕ್ಕದ ಶ್ವಾಸಕೋಶದ ತನಕ ರಕ್ತ ತಳ್ಳಿದರೆ ಸಾಕು, ಎಡಗಡೆಯದು ತಲೆಯಿಂದ ಕಾಲಿನ ತುದಿವರೆಗೆ ತಳ್ಳಬೇಕು. ಆದರೆ ಆ ಹೃದಯ ಬಡಿಯುವುದಿಲ್ಲ. ರಕ್ತ ಯಾವ ಕಡೆಯಿಂದ ಬಂದು ಎಲ್ಲಿಗೆ ಹೋಗುತ್ತದೆ ಅನ್ನುವುದು ಅದರಲ್ಲಿ ಕಾಣುವುದಿಲ್ಲ.

ಅಲ್ಲಿ ಆಗ್ಮೆಂಟೆಡ್ ರಿಯಾಲಿಟಿ ಕೆಲಸಕ್ಕೆ ಬಂತು. ಎಆರ್ ಅಂತಲೇ ಕರೆಯೋಣ. ಟ್ಯಾಬಿನ ಕ್ಯಾಮೆರಾದಲ್ಲಿ ನಮ್ಮದೇ ಕೊಠಡಿ ಕಾಣುತ್ತಿರುತ್ತದೆ. ಅದರ ನೆಲದ ಮೇಲೆ ಒಂದು ದೊಡ್ಡ ಹೃದಯ ಕೂತು ಬಡಿಯುತ್ತಿರುತ್ತದೆ. ಟ್ಯಾಬ್ ಹಿಡಿದು ಅದರ ಸುತ್ತ ನಡೆದರೆ ಪಕ್ಕ, ಹಿಂಭಾಗ ಎಲ್ಲ ಕಾಣುತ್ತದೆ. ಒಬ್ಬ ಹುಡುಗಿ ಸುತ್ತು ಹಾಕುತ್ತಾ ಹೃದಯದ ಹಿಂದೆ ಹೋಗಿ ನಿಂತಳು. ‘ಮಿಸ್, ಇಲ್ಲಿಂದ ನೋಡಿದ್ರೆ ಅದರ ಎಡಗಡೆ ನನ್ನ ಎಡಗಡೆನೇ!’ ಅಂದಳು. ಉಳಿದವರೂ ಒಬ್ಬೊಬ್ಬರಾಗಿ ಅಲ್ಲಿಗೇ ಹೋಗಿ ನಿಂತರು. ಅಷ್ಟು ವರ್ಷ ನಾನು ಮಾತಿನಲ್ಲಿ ಹೇಳುತ್ತಿದ್ದುದನ್ನು ಅವರು ಕಾಲಿನಲ್ಲಿ ನಡೆದು ಕಂಡುಕೊಂಡರು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಒಂದು ಎಚ್ಚರಿಕೆ. ಇಂಥ ಆ್ಯಪ್‌ಗಳಲ್ಲಿ ಆಕ್ಸಿಜನ್ ಕಡಿಮೆ ಇರುವ ರಕ್ತಕ್ಕೆ ನೀಲಿ ಬಣ್ಣ ಹಾಕಿರುತ್ತಾರೆ. ಅದು ಗುರುತಿಗೆ ಮಾತ್ರ. ನಿಜವಾಗಿ ಆ ರಕ್ತ ಕಡುಗೆಂಪು. ಇದನ್ನು ಬಾಯಿಬಿಟ್ಟು ಹೇಳಲೇಬೇಕು, ಇಲ್ಲದಿದ್ದರೆ ಮೈಯಲ್ಲಿ ನೀಲಿ ರಕ್ತ ಓಡುತ್ತದೆ ಅಂತಲೇ ಮಕ್ಕಳು ನಂಬುತ್ತಾರೆ. ಕುರಿಯ ಹೃದಯವನ್ನು ಮೊದಲೇ ನೋಡಿದ್ದರಿಂದ ನಮ್ಮವರಿಗೆ ಇದು ಬೇಗ ತಲೆಗೆ ಹೋಯಿತು.

ನೆಲದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದರೆ ಜಾಸ್ತಿ ಜನ ಇಲ್ಲೇ ಸೋತು ಟ್ಯಾಬ್ ಕೆಳಗಿಡುತ್ತಾರೆ. ಎಆರ್ ನೆಲವನ್ನು ಗುರುತಿಸುವುದು ಅದರ ಮೇಲಿನ ಕಲೆ, ಗೆರೆ, ಅಕ್ಷರ ಇಂಥವುಗಳಿಂದ. ಟ್ಯಾಬ್ ಅಲ್ಲಾಡಿದಾಗ ಆ ಚುಕ್ಕೆಗಳು ಹೇಗೆ ಸರಿದವು ಅಂತ ಲೆಕ್ಕ ಹಾಕಿ ಚಿತ್ರವನ್ನು ಒಂದೇ ಜಾಗದಲ್ಲಿ ನಿಲ್ಲಿಸುತ್ತದೆ. ನಮ್ಮ ಕೊಠಡಿಯದು ನುಣುಪಾದ ರೆಡ್ ಆಕ್ಸೈಡ್ ನೆಲ. ಅದರಲ್ಲಿ ಗುರುತು ಹಿಡಿಯಲು ಏನೂ ಇಲ್ಲ, ಹೃದಯ ತೇಲಿಕೊಂಡು ಗೋಡೆಯ ಕಡೆ ಹೋಗುತ್ತಿತ್ತು. ಹಳೇ ಪೇಪರ್ ಹಾಸಿದೆವು. ಅಷ್ಟೇ, ನಿಂತುಕೊಂಡಿತು. ಬೆಳಕೂ ಬೇಕು. ಕಿಟಕಿ ಪೂರ್ತಿ ತೆರೆದು, ಬೆಳಗಿನ ಪೀರಿಯಡ್‌ನಲ್ಲೇ ಮಾಡುತ್ತೇವೆ. ಮಕ್ಕಳು ಪರದೆ ನೋಡುತ್ತಾ ನಡೆಯುವುದರಿಂದ ಡಿಕ್ಕಿ ಹೊಡೆಯದ ಹಾಗೆ ಸೀಮೆಸುಣ್ಣದಲ್ಲಿ ಒಂದು ದೊಡ್ಡ ವೃತ್ತ ಬರೆಯುತ್ತೇನೆ. ಎಲ್ಲರೂ ಒಂದೇ ದಿಕ್ಕಿಗೆ ಸುತ್ತಬೇಕು.

ಭಾಷೆಯದು ಇನ್ನೊಂದು ತೊಡಕು. ನಾವು ಬಳಸಿದ ಆ್ಯಪ್‌ನಲ್ಲಿ ಹೆಸರುಗಳೆಲ್ಲ ಇಂಗ್ಲಿಷ್. ನಮ್ಮಲ್ಲಿ ಮನೆಯಲ್ಲಿ ತೆಲುಗು ಮಾತಾಡುವ ಮಕ್ಕಳೂ ಬಹಳ. ಅದಕ್ಕೆ ಹೃತ್ಕರ್ಣ, ಹೃತ್ಕುಕ್ಷಿ, ಮಹಾಪಧಮನಿ ಅಂತ ದಪ್ಪ ಅಕ್ಷರದಲ್ಲಿ ಕನ್ನಡ ಚೀಟಿ ಬರೆಸಿ, ಪೇಪರಿನ ಮೇಲೆ ಹೃದಯದ ಸುತ್ತ ಇಡಿಸಿದೆ. ಟ್ಯಾಬಿನಲ್ಲಿ ನೋಡಿದರೆ ನಮ್ಮ ಚೀಟಿಯೂ ಹೃದಯವೂ ಒಟ್ಟಿಗೆ ಕಾಣುತ್ತವೆ! ಯಾವ ಚೀಟಿ ಎಲ್ಲಿ ಇಡಬೇಕು ಅಂತ ಗುಂಪಿನಲ್ಲಿ ನಡೆದ ಜಗಳವೇ ಆ ದಿನದ ನಿಜವಾದ ಪಾಠ. ನೋಡುವುದು ಹತ್ತು ನಿಮಿಷ. ಆಮೇಲೆ ಟ್ಯಾಬ್ ಮುಚ್ಚಿ ನೋಟ್ ಪುಸ್ತಕದಲ್ಲಿ ನೆನಪಿನಿಂದ ಚಿತ್ರ ಬರೆಯಬೇಕು. ಈ ಭಾಗವನ್ನು ನಾನು ಯಾವತ್ತೂ ಬಿಡುವುದಿಲ್ಲ.

ಗಣಿತದಲ್ಲಿ ಜಿಯೋಜಿಬ್ರಾ ಅನ್ನುವ ಸಾಫ್ಟ್‌ವೇರ್ ನನ್ನ ನೆಚ್ಚಿನದು. ಆಸ್ಟ್ರಿಯಾದಲ್ಲಿ 2001ರಲ್ಲಿ ಒಬ್ಬ ವಿದ್ಯಾರ್ಥಿಯ ಪ್ರಬಂಧದ ಕೆಲಸವಾಗಿ ಶುರುವಾದದ್ದು, ತರಗತಿಗೆ ಉಚಿತ. ಶಂಕುವಿನ ಘನಫಲಕ್ಕೆ ನನಗೆ ಟ್ಯಾಬ್ ಬೇಡ: ಒಂದೇ ಪಾದ, ಒಂದೇ ಎತ್ತರದ ಶಂಕು ಮತ್ತು ಸಿಲಿಂಡರನ್ನು ರಟ್ಟಿನಲ್ಲಿ ಮಾಡಿ, ಶಂಕುವಿನಿಂದ ಮೂರು ಸಲ ರಾಗಿ ಸುರಿದರೆ ಸಿಲಿಂಡರ್ ತುಂಬುತ್ತದೆ. ತೊಂದರೆ ಬರುವುದು ಎತ್ತರ ಮತ್ತು ಓರೆ ಎತ್ತರದಲ್ಲಿ. ಬೋರ್ಡಿನ ಮೇಲೆ ಎರಡೂ ಬರೀ ಗೆರೆಗಳು. ಜಿಯೋಜಿಬ್ರಾದ ಮೂರು ಆಯಾಮದ ಆ್ಯಪ್‌ನಲ್ಲಿ ಶಂಕುವನ್ನು ನೆಲಕ್ಕಿಳಿಸಿ, ಟ್ಯಾಬನ್ನು ಹತ್ತಿರ ಒಯ್ದು ಒಳಗೆ ಇಣುಕಿದರೆ, ಎತ್ತರ ನಡುವೆ ನೆಟ್ಟಗೆ ನಿಂತಿದೆ, ಓರೆ ಎತ್ತರ ಮೈಮೇಲೆ ಜಾರಿದೆ. ಎರಡಕ್ಕೂ ತ್ರಿಜ್ಯ ಸೇರಿ ಲಂಬಕೋನ ತ್ರಿಭುಜ ಆಗುವುದನ್ನು ಮಕ್ಕಳೇ ತೋರಿಸುತ್ತಾರೆ. ಪೈಥಾಗೊರಸ್ ಪ್ರಮೇಯ ಅಲ್ಲಿಗೆ ತಾನಾಗೇ ಬರುತ್ತದೆ.

ವಿದ್ಯುತ್ ಪಾಠಕ್ಕೆ ಎಆರ್ ಬೇಕಿಲ್ಲ. ಬಲ್ಬು, ಸೆಲ್ಲು, ವೈರು ಜೋಡಿಸಿದ ಮೇಲೆ, ವೈರಿನೊಳಗೆ ಏನಾಗುತ್ತಿದೆ ಅಂತ ತೋರಿಸಲು ಫೆಟ್ ಸಿಮ್ಯುಲೇಷನ್ (ಪರದೆಯ ಮೇಲೇ ಮಾಡಿ ನೋಡುವ ಪ್ರಯೋಗ) ಬಳಸುತ್ತೇನೆ. ಇದು ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದ್ದು, ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಶುರು ಮಾಡಿದ್ದು. ಹಲವು ಸಿಮ್ಯುಲೇಷನ್ ಕನ್ನಡದಲ್ಲೂ ಇವೆ. ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಂಡು ಹೋದರೆ ಶಾಲೆಯಲ್ಲಿ ನೆಟ್ ಇಲ್ಲದಿದ್ದರೂ ನಡೆಯುತ್ತದೆ.

ಟ್ಯಾಬ್ ಕೊಡಿಸುತ್ತೇವೆ ಅಂತ ಯಾರಾದರೂ ನಿಮ್ಮ ಶಾಲೆಗೆ ಬಂದರೆ ಸುಮ್ನೆ ಒಪ್ಪಿಕೊಳ್ಳಬೇಡಿ, ಒಂದು ಮಾತು ಕೇಳಿ: ಇದರಲ್ಲಿ ಗೈರೋಸ್ಕೋಪ್ ಇದೆಯಾ? ಟ್ಯಾಬ್ ಯಾವ ಕಡೆ ತಿರುಗಿತು ಅಂತ ತಿಳಿಸುವ ಸೆನ್ಸರ್ ಅದು. ಕಡಿಮೆ ಬೆಲೆಯ ಎಷ್ಟೋ ಟ್ಯಾಬ್‌ಗಳಲ್ಲಿ ಇರುವುದಿಲ್ಲ. ಆಂಡ್ರಾಯ್ಡ್‌ನಲ್ಲಿ ಎಆರ್ ನಡೆಸುವ ಗೂಗಲ್‌ನ ಎಆರ್‌ಕೋರ್ ಯಾವ ಯಾವ ಮಾಡೆಲ್‌ಗಳಲ್ಲಿ ಓಡುತ್ತದೆ ಅನ್ನುವ ಪಟ್ಟಿ ನೆಟ್‌ನಲ್ಲಿದೆ. ಮಾಡೆಲ್ ಹೆಸರು ಕೇಳಿ, ಆ ಪಟ್ಟಿಯಲ್ಲಿ ನೋಡಿ. ನಮಗೆ ಬಂದವುಗಳಲ್ಲಿ ಎಲ್ಲವೂ ಅದರಲ್ಲಿ ಇರಲಿಲ್ಲ. ಇಲ್ಲದ ಟ್ಯಾಬ್‌ಗಳಲ್ಲಿ ಶಂಕುವನ್ನು ಬೆರಳಿನಿಂದ ತಿರುಗಿಸಿ ನೋಡುವ ಗುಂಪು ಕೂರುತ್ತದೆ, ಆಮೇಲೆ ಗುಂಪುಗಳು ಜಾಗ ಬದಲಿಸುತ್ತವೆ. ಎಆರ್ ನಡೆಯುವಾಗ ಕ್ಯಾಮೆರಾ, ಸೆನ್ಸರ್ ಎಲ್ಲ ಒಟ್ಟಿಗೆ ದುಡಿಯುವುದರಿಂದ ಚಾರ್ಜ್ ಬೇಗ ಇಳಿಯುತ್ತದೆ. ಕರೆಂಟ್ ನಂಬುವ ಹಾಗಿಲ್ಲ, ಹಿಂದಿನ ದಿನವೇ ಚಾರ್ಜಿಗೆ ಹಾಕಿ.

ಈ ವರ್ಷ ಕಣ್ಣಿನ ಪಾಠಕ್ಕೆ ಇದೇ ರೀತಿ ಚೀಟಿಗಳನ್ನು ತಯಾರಿಸುತ್ತಿದ್ದೇವೆ. ಬರೆಯುತ್ತಿರುವುದು ಒಂಬತ್ತನೇ ತರಗತಿಯವರು. ಮುಂದಿನ ವರ್ಷ ಆ ಪಾಠ ಅವರದೇ.